ಕೈಯಲ್ಲಿ ಹಿಡಿಯುವ ಡಿಜಿಟಲ್ ರೇಡಿಯೋ ಸ್ಕ್ಯಾನರ್‌ಗಳು: ಬಳಕೆಯ ಸುಲಭತೆಯ ತುಲನೆ

ಪೀಠಿಕೆ

ರೇಡಿಯೋ ಸ್ಕ್ಯಾನರ್ ಎಂಬುದು ಕೇವಲ ಆಲಿಸುವ ಉಪಕರಣವಾಗಿರುತ್ತದೆ. ವಾಕಿಟಾಕಿಯಂತೆ ಇದರಿಂದ ಮಾತನಾಡಲು ಬರುವುದಿಲ್ಲ. ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್, ವಿಮಾನಯಾನ, ರೈಲ್ವೆ ಮುಂತಾದ ಸೇವೆಗಳು ಬಳಸುವ ಫ್ರೀಕ್ವೆನ್ಸಿಗಳನ್ನು ಅದು ಒಂದಾದ ಮೇಲೊಂದರಂತೆ ವೇಗವಾಗಿ ಪರಿಶೀಲಿಸುತ್ತಾ ಹೋಗಿ, ಎಲ್ಲಿ ಮಾತು ನಡೆದಿದೆಯೋ ಅಲ್ಲಿ ನಿಂತು ಕೇಳಿಸುತ್ತದೆ. ಮಾತು ಮುಗಿದೊಡನೆ ಮತ್ತೆ ಮುಂದುವರಿಯುತ್ತದೆ. ಈ ಹವ್ಯಾಸ ಹಾಗೂ ಇದರ ಮಾರುಕಟ್ಟೆ ಮುಖ್ಯವಾಗಿ ಅಮೆರಿಕ ಸಂಯುಕ್ತ ಸಂಸ್ಥಾನ ಮತ್ತು ಕೆನಡಾದಲ್ಲಿ ಬೆಳೆದಿರುತ್ತದೆ. ಆದ್ದರಿಂದ ಇಲ್ಲಿನ ವಿವರಗಳು ಆ ದೇಶಗಳ ಪರಿಸ್ಥಿತಿಗೆ ಅನ್ವಯಿಸುತ್ತವೆ. ಭಾರತದ ಕಾನೂನಿನ ಸ್ಥಿತಿಯನ್ನು ಲೇಖನದ ಕೊನೆಯ ಭಾಗದಲ್ಲಿ ತಿಳಿಸಲಾಗಿದೆ.

ಇಂತಹ ಉಪಕರಣವನ್ನು ಜನಸಾಮಾನ್ಯರು ಏಕೆ ಇಟ್ಟುಕೊಳ್ಳುತ್ತಾರೆ ಎಂಬುದಕ್ಕೆ ಉತ್ತರ ಕಾಡ್ಗಿಚ್ಚು ಮತ್ತು ಚಂಡಮಾರುತಗಳ ಇತಿಹಾಸದಲ್ಲಿ ದೊರೆಯುತ್ತದೆ. 2018ರ ನವೆಂಬರ್ 8ರಂದು ಕ್ಯಾಲಿಫೋರ್ನಿಯಾದ ಪ್ಯಾರಡೈಸ್ ಪಟ್ಟಣವನ್ನು ಆವರಿಸಿದ ಕ್ಯಾಂಪ್ ಫೈರ್ ಎಂಬ ಕಾಡ್ಗಿಚ್ಚಿನಲ್ಲಿ 85 ಜನರು ಮೃತಪಟ್ಟರು. ಸ್ಥಳ ತೆರವು ಮಾಡುವಂತೆ ನೀಡಿದ ಎಚ್ಚರಿಕೆ ಅನೇಕರ ದೂರವಾಣಿಗೆ ತಲುಪಲೇ ಇಲ್ಲ. 2019ರ ಅಕ್ಟೋಬರ್‌ನಲ್ಲಿ ಅದೇ ರಾಜ್ಯದಲ್ಲಿ ಬೆಂಕಿಯ ಭಯದಿಂದ ವಿದ್ಯುತ್ ಕಡಿತಗೊಳಿಸಿದಾಗ ಮರಿನ್ ಕೌಂಟಿಯ ಅರ್ಧಕ್ಕಿಂತ ಹೆಚ್ಚು ಮೊಬೈಲ್ ಗೋಪುರಗಳು ಸ್ತಬ್ಧವಾಗಿದ್ದವು. ಅಂತಹ ಹೊತ್ತಿನಲ್ಲಿ ಸೆಲ್ಲಿನಿಂದ ನಡೆಯುವ ಒಂದು ಸ್ಕ್ಯಾನರ್, ಬೆಂಕಿ ಯಾವ ರಸ್ತೆಯನ್ನು ದಾಟಿದೆ ಎಂಬುದನ್ನು ಅಗ್ನಿಶಾಮಕ ಸಿಬ್ಬಂದಿಯ ಬಾಯಿಂದಲೇ ಕೇಳಿಸಬಲ್ಲುದು. ಆದರೆ ಆ ಗಾಬರಿಯಲ್ಲಿ ಕೈಪಿಡಿಯನ್ನು ತೆರೆದು ಕೂರಲು ಯಾರಿಗೂ ಸಮಯವಿರುವುದಿಲ್ಲ. ಬಳಕೆಯ ಸುಲಭತೆಯ ಪ್ರಶ್ನೆ ಮುಖ್ಯವಾಗುವುದು ಇಲ್ಲಿಯೇ.

ತೊಡಕು ಎಲ್ಲಿಂದ ಬಂದಿತು

ಹಿಂದಿನ ಅನಲಾಗ್ ಸ್ಕ್ಯಾನರ್‌ಗಳಲ್ಲಿ ಒಂದು ಫ್ರೀಕ್ವೆನ್ಸಿಯ ಸಂಖ್ಯೆಯನ್ನು ಒತ್ತಿದರೆ ಸಾಕಾಗಿತ್ತು. ಅದಕ್ಕೂ ಹಿಂದೆ, ಪ್ರತಿ ಚಾನೆಲ್‌ಗೂ ಒಂದೊಂದು ಸ್ಫಟಿಕವನ್ನು ಕೊಂಡು ಒಳಗೆ ಕೂರಿಸಬೇಕಾಗಿದ್ದಿತಾದರೂ, ಕೂರಿಸಿದ ಮೇಲೆ ಬಳಕೆದಾರನಿಗೆ ಬೇರೆ ಕೆಲಸವಿರಲಿಲ್ಲ. ಟ್ರಂಕಿಂಗ್ ವ್ಯವಸ್ಥೆ ಬಂದ ನಂತರ ಈ ಸರಳತೆ ಮಾಯವಾಯಿತು.

ಟ್ರಂಕಿಂಗ್‌ನ್ನು ರೈಲ್ವೆ ನಿಲ್ದಾಣದ ಟಿಕೆಟ್ ಕೌಂಟರ್‌ಗೆ ಹೋಲಿಸಬಹುದು. ಪ್ರತಿ ಊರಿಗೆ ಒಂದು ಕೌಂಟರ್ ಇಡುವ ಬದಲು ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ, ಖಾಲಿಯಾದ ಕೌಂಟರ್‌ಗೆ ಮುಂದಿನವರನ್ನು ಕಳುಹಿಸುವಂತೆ, ನಗರದ ಎಲ್ಲ ಇಲಾಖೆಗಳು ಕೆಲವೇ ಫ್ರೀಕ್ವೆನ್ಸಿಗಳನ್ನು ಹಂಚಿಕೊಳ್ಳುತ್ತವೆ. ಯಾರು ಯಾವ ಫ್ರೀಕ್ವೆನ್ಸಿಗೆ ಹೋಗಬೇಕೆಂಬುದನ್ನು ನಿಯಂತ್ರಣ ಚಾನೆಲ್ ಕ್ಷಣಕ್ಷಣಕ್ಕೂ ತಿಳಿಸುತ್ತಿರುತ್ತದೆ. ಆದ್ದರಿಂದ ಪೊಲೀಸರ ಒಂದು ಪ್ರಶ್ನೆ ಒಂದು ಫ್ರೀಕ್ವೆನ್ಸಿಯಲ್ಲಿಯೂ, ಅದಕ್ಕೆ ಉತ್ತರ ಇನ್ನೊಂದರಲ್ಲಿಯೂ ಬರಬಹುದು. ಇದನ್ನು ಹಿಂಬಾಲಿಸಬೇಕಾದರೆ ಸ್ಕ್ಯಾನರ್‌ಗೆ ವ್ಯವಸ್ಥೆಯ ವಿಧ, ನಿಯಂತ್ರಣ ಚಾನೆಲ್ ಮತ್ತು ಟಾಕ್‌ಗ್ರೂಪ್ ಎನ್ನುವ ಗುಂಪಿನ ಸಂಖ್ಯೆ ಇವೆಲ್ಲವೂ ಗೊತ್ತಿರಬೇಕು.

ಇದರ ಮೇಲೆ ಧ್ವನಿಯೂ ಡಿಜಿಟಲ್ ಆಯಿತು. ಅಮೆರಿಕದ ಸಾರ್ವಜನಿಕ ಸುರಕ್ಷತಾ ಸೇವೆಗಳಲ್ಲಿ ಪಿ25 ಎಂಬ ಮಾನಕ ಪ್ರಚಲಿತವಾಗಿದೆ. ಇದರ ಮೊದಲ ಹಂತದಲ್ಲಿ 12.5 ಕಿಲೋಹರ್ಟ್ಸ್ ಅಗಲದ ಚಾನೆಲ್‌ನಲ್ಲಿ ಒಂದು ಸಂಭಾಷಣೆಯೂ, ಎರಡನೆಯ ಹಂತದಲ್ಲಿ ಅದೇ ಅಗಲದಲ್ಲಿ ಸಮಯವನ್ನು ಹಂಚಿಕೊಂಡು ಎರಡು ಸಂಭಾಷಣೆಗಳೂ ಸಾಗುತ್ತವೆ. ಡಿಎಂಆರ್ ಹಾಗೂ ಎನ್‌ಎಕ್ಸ್‌ಡಿಎನ್ ಎಂಬ ಬೇರೆ ಮಾನಕಗಳನ್ನು ಹೆಚ್ಚಾಗಿ ಖಾಸಗಿ ಸಂಸ್ಥೆಗಳು, ಕೆಲವೆಡೆ ಸಣ್ಣ ಊರುಗಳು ಬಳಸುತ್ತವೆ.

ಕೈಯಿಂದ ತುಂಬುವ ಮಾದರಿಗಳು

ಯೂನಿಡೆನ್ ಸಂಸ್ಥೆಯ ಬಿಸಿಡಿ396ಎಕ್ಸ್‌ಟಿ, ಬಿಸಿಡಿ325ಪಿ2 ಹಾಗೂ ಜಿಆರ್‌ಇ ಸಂಸ್ಥೆಯ ಪಿಎಸ್‌ಆರ್-500 ಈ ವರ್ಗಕ್ಕೆ ಸೇರುತ್ತವೆ. ಪಿಎಸ್‌ಆರ್-500 ಮಾದರಿಯೇ ರೇಡಿಯೋ ಶ್ಯಾಕ್ ಅಂಗಡಿಗಳಲ್ಲಿ ಪ್ರೋ-106 ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿತ್ತು. ಇವುಗಳಲ್ಲಿ ವ್ಯವಸ್ಥೆ, ಚಾನೆಲ್ ಮುಂತಾದ ವಿವರಗಳನ್ನು ಬಳಕೆದಾರನೇ ಕಟ್ಟಿಕೊಳ್ಳಬೇಕು. ಗುಂಡಿಗಳಿಂದಲೇ ಇಡೀ ನಗರದ ವಿವರವನ್ನು ತುಂಬುವುದು ಸಾಧ್ಯವಿದೆಯಾದರೂ, ಒಂದು ಅಕ್ಷರ ತಪ್ಪಿದರೆ ಏನೂ ಕೇಳಿಸದೆ, ತಪ್ಪು ಎಲ್ಲಿದೆ ಎಂಬ ಸುಳಿವೂ ಸಿಗದೆ ಹೋಗುತ್ತದೆ. ಆದಕಾರಣ ಬಹುತೇಕರು ಗಣಕಯಂತ್ರಕ್ಕೆ ಜೋಡಿಸಿ ತಂತ್ರಾಂಶದ ಮೂಲಕವೇ ತುಂಬುತ್ತಾರೆ.

ಇಷ್ಟಾದರೂ ಈ ವರ್ಗವನ್ನು ಕಷ್ಟದ ವರ್ಗವೆಂದು ತಳ್ಳಿಹಾಕುವುದು ಸರಿಯಲ್ಲ. ಒಮ್ಮೆ ಸರಿಯಾಗಿ ತುಂಬಿಟ್ಟ ಬಿಸಿಡಿ325ಪಿ2 ತನಗೆ ಹೇಳಿದ ಹತ್ತಿಪ್ಪತ್ತು ಚಾನೆಲ್‌ಗಳನ್ನು ಬಿಟ್ಟು ಬೇರೆ ಯಾವುದನ್ನೂ ಕೇಳಿಸುವುದಿಲ್ಲ. ಮನೆಯಲ್ಲಿ ಒಬ್ಬರು ತಿಳಿದವರಿದ್ದು, ಉಳಿದವರು ಗುಂಡಿ ತಿರುಗಿಸಿ ಕೇಳುವವರಾಗಿದ್ದರೆ ಇದಕ್ಕಿಂತ ನೆಮ್ಮದಿಯ ಉಪಕರಣ ಅಪರೂಪ.

ಹಳೆಯ ಮಾದರಿಗಳನ್ನು ಎರಡನೆಯ ಕೈಯಿಂದ ಕೊಳ್ಳುವವರು ಒಂದು ಅಂಶವನ್ನು ಅವಶ್ಯವಾಗಿ ಗಮನಿಸಬೇಕು. ಪಿಎಸ್‌ಆರ್-500, ಪ್ರೋ-106 ಮತ್ತು ಬಿಸಿಡಿ396ಎಕ್ಸ್‌ಟಿ ಮಾದರಿಗಳು ಪಿ25ರ ಮೊದಲ ಹಂತವನ್ನು ಮಾತ್ರ ಅರ್ಥಮಾಡಿಕೊಳ್ಳುತ್ತವೆ. ಎರಡನೆಯ ಹಂತಕ್ಕೆ ಬದಲಾದ ಊರಿನಲ್ಲಿ ಅವು ಎಷ್ಟೇ ಸುಲಭವಾಗಿದ್ದರೂ ನಿರುಪಯುಕ್ತ.

ಸ್ಥಳದ ಆಧಾರದಿಂದ ನಡೆಯುವ ಮಾದರಿಗಳು

2010ರಲ್ಲಿ ಯೂನಿಡೆನ್ ಹೊರತಂದ ಹೋಮ್‌ಪೆಟ್ರೋಲ್-1 ಈ ಕ್ಷೇತ್ರದಲ್ಲಿ ದೊಡ್ಡ ಬದಲಾವಣೆ ತಂದಿತು. ಇದರಲ್ಲಿ ದೇಶದ ಫ್ರೀಕ್ವೆನ್ಸಿಗಳ ದತ್ತಾಂಶವೆಲ್ಲವೂ ಮೊದಲೇ ತುಂಬಿರುತ್ತಿತ್ತು. ಬಳಕೆದಾರನು ನಮ್ಮ ಪಿನ್ ಕೋಡ್‌ನಂತಹ ತನ್ನ ಜಿಪ್ ಕೋಡ್‌ನ್ನು ಪರದೆಯ ಮೇಲೆ ನಮೂದಿಸಿದರೆ ಸುತ್ತಮುತ್ತಲಿನ ಸೇವೆಗಳು ತಾವಾಗಿಯೇ ಕೇಳಿಬರುತ್ತಿದ್ದವು. ಇದೇ ಕ್ರಮವನ್ನು ಅಂಗೈಗೆ ಹೊಂದುವ ರೂಪದಲ್ಲಿ 2014ರ ಬಿಸಿಡಿ436ಎಚ್‌ಪಿ ಮತ್ತು 2018ರ ಎಸ್‌ಡಿಎಸ್100 ಮುಂದುವರಿಸಿದವು. ಜಿಆರ್‌ಇ ಸಂಸ್ಥೆಯ ಪಿಎಸ್‌ಆರ್-800 ಕೂಡ ದತ್ತಾಂಶವನ್ನು ಸ್ಮರಣ ಕಾರ್ಡಿನಲ್ಲಿ ಇಟ್ಟುಕೊಂಡಿತು. ಅಂಕಿಗಳ ಗುಂಡಿಗಳನ್ನೇ ತೆಗೆದುಹಾಕಿ ಬಾಣದ ಗುಂಡಿಗಳಿಂದ ಎಲ್ಲವನ್ನೂ ನಡೆಸುವ ಧೈರ್ಯವನ್ನು ಅದು ತೋರಿತು. ಆ ಸಂಸ್ಥೆಯ ತಂತ್ರಜ್ಞಾನವನ್ನು ಪಡೆದುಕೊಂಡ ವಿಸ್ಲರ್ ಸಂಸ್ಥೆಯು ಡಬ್ಲ್ಯುಎಸ್1080 ಹಾಗೂ ನಂತರ ಟಿಆರ್‌ಎಕ್ಸ್-1 ಮಾದರಿಗಳನ್ನು ತಯಾರಿಸಿತು. ಎರಡೂ ಕಡೆಯ ದತ್ತಾಂಶಕ್ಕೆ ಮೂಲ ರೇಡಿಯೋರೆಫರೆನ್ಸ್ ಎಂಬ, ಹವ್ಯಾಸಿಗಳೇ ಕೂಡಿಹಾಕಿದ ಪಟ್ಟಿಯಾಗಿರುತ್ತದೆ. ಆದ್ದರಿಂದ ಒಂದು ಊರಿನ ಮಾಹಿತಿ ಎಷ್ಟು ನಿಖರವೆಂಬುದು ಆ ಊರಿನ ಹವ್ಯಾಸಿಗಳ ಶ್ರದ್ಧೆಯನ್ನು ಅವಲಂಬಿಸಿದೆ.

ಬಿಸಿಡಿ436ಎಚ್‌ಪಿಯನ್ನು ಪೆಟ್ಟಿಗೆಯಿಂದ ತೆಗೆದು, ಮೂರು ಪೆನ್ಸಿಲ್ ಸೆಲ್ ಹಾಕಿ, ಜಿಪ್ ಕೋಡ್ ಕೊಟ್ಟರೆ ಕೆಲವೇ ನಿಮಿಷಗಳಲ್ಲಿ ಮಾತು ಕೇಳುತ್ತದೆ. ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಮುಂತಾದ ಸೇವೆಗಳಲ್ಲಿ ಬೇಡವಾದುದನ್ನು ಆರಿಸಿ ತೆಗೆದುಹಾಕಬಹುದು. ಎಷ್ಟು ದೂರದವರೆಗಿನ ಸೇವೆ ಬೇಕೆಂಬುದನ್ನು ನಿಗದಿಪಡಿಸಬಹುದು. ಜಿಪಿಎಸ್ ಉಪಕರಣವನ್ನು ಜೋಡಿಸಿದರೆ ಪ್ರಯಾಣದಲ್ಲಿ ಊರು ಬದಲಾದಂತೆ ಚಾನೆಲ್‌ಗಳೂ ಬದಲಾಗುತ್ತವೆ. ಹೊಸಬರಿಗೆ ಇದು ನಿಜವಾಗಿಯೂ ಉಪಕಾರಿ.

ಆದರೆ ಮೊದಲ ದಿನದ ಸುಲಭತೆ ಬೇರೆ, ಮೂರನೆಯ ವಾರದ ಸುಲಭತೆ ಬೇರೆ. ದೊಡ್ಡ ನಗರದ ಜಿಪ್ ಕೋಡ್ ಕೊಟ್ಟಾಗ ಬಸ್ ಡಿಪೋ, ಕಸ ವಿಲೇವಾರಿ, ಶಾಲಾ ವಾಹನ ಎಲ್ಲವೂ ಪಟ್ಟಿಯಲ್ಲಿ ಸೇರಿಕೊಂಡು, ಬೇಕಾದ ಅಗ್ನಿಶಾಮಕ ಚಾನೆಲ್ ಬರುವ ಹೊತ್ತಿಗೆ ಮಾತು ಮುಗಿದಿರುತ್ತದೆ. ಆಗ ಬಳಕೆದಾರನು ಬೇಡವಾದ ಚಾನೆಲ್‌ಗಳನ್ನು ತಪ್ಪಿಸುವುದನ್ನೂ, ತನ್ನದೇ ಆದ ಮೆಚ್ಚಿನ ಪಟ್ಟಿಯನ್ನು ರಚಿಸುವುದನ್ನೂ ಕಲಿಯಲೇಬೇಕಾಗುತ್ತದೆ. ತಪ್ಪಿಸುವ ಗುಂಡಿಯನ್ನು ಒಮ್ಮೆ ಒತ್ತಿದರೆ ಆ ಚಾನೆಲ್ ತಾತ್ಕಾಲಿಕವಾಗಿಯೂ, ಬೇಗನೆ ಎರಡು ಬಾರಿ ಒತ್ತಿದರೆ ಶಾಶ್ವತವಾಗಿಯೂ ಬಿಟ್ಟುಹೋಗುತ್ತದೆ. ಈ ವ್ಯತ್ಯಾಸ ತಿಳಿಯದೆ ಬೇಕಾದ ಚಾನೆಲ್ಲನ್ನೇ ಕಳೆದುಕೊಳ್ಳುವ ಸಂಭವವಿರುತ್ತದೆ. ಮೆಚ್ಚಿನ ಪಟ್ಟಿಯನ್ನು ಸೆಂಟಿನೆಲ್ ಎಂಬ ತಂತ್ರಾಂಶದಲ್ಲಿ ತಯಾರಿಸುವುದು ಅನುಕೂಲ. ಅದು ವಿಂಡೋಸ್ ಗಣಕಯಂತ್ರದಲ್ಲಿ ಮಾತ್ರ ನಡೆಯುತ್ತದೆ.

ಟಿಆರ್‌ಎಕ್ಸ್-1 ಈ ವಿಷಯದಲ್ಲಿ ಸ್ವಲ್ಪ ಬೇರೆ ದಾರಿ ಹಿಡಿಯುತ್ತದೆ. ಸ್ಕ್ಯಾನ್‌ಲಿಸ್ಟ್ ಎಂಬ ಪಟ್ಟಿಗಳೇ ಇದರ ಅಡಿಪಾಯ. ಒಂದು ಚಾನೆಲ್ಲನ್ನು ಯಾವ ಪಟ್ಟಿಗೆ ಬೇಕಾದರೂ ಸೇರಿಸಿ, ಪಟ್ಟಿಯನ್ನು ಬೇಕಾದಾಗ ತೆರೆದು ಮುಚ್ಚಬಹುದು. ಅಡುಗೆ ಮನೆಯ ಡಬ್ಬಿಗಳಂತೆ ಇದು ಬೇಗ ಅರ್ಥವಾಗುತ್ತದೆ. ಪದರಗಳ ಮೇಲೆ ಪದರಗಳಿರುವ ಯೂನಿಡೆನ್ ಕ್ರಮ ನಿಧಾನವಾಗಿ ಅರ್ಥವಾದರೂ ದೊಡ್ಡ ಪಟ್ಟಿಗಳಿಗೆ ಹೆಚ್ಚು ಒಗ್ಗುತ್ತದೆ. ಡಿಎಂಆರ್ ಮತ್ತು ಎನ್‌ಎಕ್ಸ್‌ಡಿಎನ್ ಧ್ವನಿಗಳು ಟಿಆರ್‌ಎಕ್ಸ್-1ರಲ್ಲಿ ಹೆಚ್ಚುವರಿ ಶುಲ್ಕವಿಲ್ಲದೆ ದೊರೆಯುತ್ತವೆ. ಯೂನಿಡೆನ್ ಮಾದರಿಗಳಲ್ಲಿ ಅವುಗಳಿಗೆ ಪ್ರತ್ಯೇಕವಾಗಿ ಹಣ ತೆತ್ತು ಬೀಗ ತೆರೆಯಬೇಕು.

ಕೇಳಿಸದ ಸುಲಭತೆಯಿಂದ ಪ್ರಯೋಜನವಿಲ್ಲ

ಅಂಗಡಿಯವರು ಸಾಮಾನ್ಯವಾಗಿ ಹೇಳದ ಸಂಗತಿ ಸೈಮಲ್‌ಕಾಸ್ಟ್. ದೊಡ್ಡ ನಗರಗಳಲ್ಲಿ ಒಂದೇ ಮಾತನ್ನು ಒಂದೇ ಫ್ರೀಕ್ವೆನ್ಸಿಯಲ್ಲಿ ಹಲವು ಗೋಪುರಗಳು ಏಕಕಾಲಕ್ಕೆ ಬಿತ್ತರಿಸುತ್ತವೆ. ಅವು ಕೂದಲೆಳೆಯಷ್ಟು ಹಿಂದೆಮುಂದಾಗಿ ತಲುಪಿದಾಗ ಸಾಮಾನ್ಯ ಸ್ಕ್ಯಾನರ್ ಗೊಂದಲಕ್ಕೊಳಗಾಗಿ ಪದಗಳು ನುಂಗಿಹೋದಂತೆ, ನೀರಿನೊಳಗಿಂದ ಮಾತನಾಡಿದಂತೆ ಕೇಳುತ್ತದೆ. ಸಂಕೇತ ದುರ್ಬಲವಾಗಿದೆಯೆಂದು ಭಾವಿಸಿ ದೊಡ್ಡ ಆಂಟೆನಾ ಹಾಕಿದರೆ ಇನ್ನಷ್ಟು ಗೋಪುರಗಳು ಸೇರಿ ಸ್ಥಿತಿ ಹದಗೆಡುವುದೂ ಉಂಟು. ಎಸ್‌ಡಿಎಸ್100ರ ಗ್ರಾಹಕ ಭಾಗವನ್ನು ಈ ದೋಷವನ್ನು ನಿವಾರಿಸುವ ರೀತಿಯಲ್ಲಿಯೇ ವಿನ್ಯಾಸಗೊಳಿಸಲಾಗಿದೆ. ಸೈಮಲ್‌ಕಾಸ್ಟ್ ಇರುವ ಊರಿನಲ್ಲಿ ಅದರ ಹೆಚ್ಚಿನ ಬೆಲೆಗೆ ಅರ್ಥವಿದೆ. ಇಲ್ಲದ ಊರಿನಲ್ಲಿ ಬಿಸಿಡಿ436ಎಚ್‌ಪಿಯೇ ಸಾಕು. ಎಸ್‌ಡಿಎಸ್100ರ ಬಣ್ಣದ ಪರದೆ ವಯಸ್ಸಾದವರ ಕಣ್ಣಿಗೆ ಹಿತ, ಮಳೆಹನಿಯನ್ನೂ ಅದು ತಡೆದುಕೊಳ್ಳುತ್ತದೆ. ಆದರೆ ಅದರ ಬ್ಯಾಟರಿ ಅದಕ್ಕೇ ಮೀಸಲಾದುದು. ವಿದ್ಯುತ್ ಹೋದ ಎರಡನೆಯ ದಿನ ಹತ್ತಿರದ ಅಂಗಡಿಯಿಂದ ಪೆನ್ಸಿಲ್ ಸೆಲ್ ತಂದು ಹಾಕುವ ಅವಕಾಶ ಬಿಸಿಡಿ436ಎಚ್‌ಪಿ ಮತ್ತು ಟಿಆರ್‌ಎಕ್ಸ್-1ಕ್ಕೆ ಇರುತ್ತದೆ, ಎಸ್‌ಡಿಎಸ್100ಕ್ಕೆ ಇರುವುದಿಲ್ಲ. ವಿಪತ್ತಿಗಾಗಿಯೇ ಕೊಳ್ಳುವವರು ಇದನ್ನು ಪರದೆಯ ಬಣ್ಣಕ್ಕಿಂತ ಮೇಲಿಟ್ಟು ನೋಡುವುದು ಲೇಸು.

ಗೂಢಲಿಪಿಗೆ ಒಳಪಟ್ಟ ಸಂಭಾಷಣೆಯನ್ನು ಯಾವ ಬೆಲೆಯ ಸ್ಕ್ಯಾನರ್ ಕೂಡ ಕೇಳಿಸಲಾರದು. ನ್ಯೂಯಾರ್ಕ್ ನಗರದ ಪೊಲೀಸರು 2023ರಿಂದ ತಮ್ಮ ರೇಡಿಯೋ ಸಂಪರ್ಕವನ್ನು ಹಂತಹಂತವಾಗಿ ಗೂಢಗೊಳಿಸತೊಡಗಿದರು. ಬೇರೆ ಅನೇಕ ನಗರಗಳೂ ಇದೇ ಹಾದಿಯಲ್ಲಿವೆ. ತಮ್ಮ ಊರಿನ ಯಾವ ಸೇವೆ ತೆರೆದಿದೆ, ಯಾವುದು ಮುಚ್ಚಿದೆ ಎಂಬುದನ್ನು ರೇಡಿಯೋರೆಫರೆನ್ಸ್ ಪಟ್ಟಿಯಲ್ಲಿ ನೋಡಿದ ನಂತರವೇ ಹಣ ಕೊಡತಕ್ಕದ್ದು.

ಇದಕ್ಕೆ ವಿರುದ್ಧವಾದ ಸಂಗತಿಯೂ ಇದೆ. ಕ್ಯಾಲಿಫೋರ್ನಿಯಾದ ರಾಜ್ಯ ಅರಣ್ಯ ಮತ್ತು ಅಗ್ನಿಶಾಮಕ ಇಲಾಖೆಯ ಕಾಡ್ಗಿಚ್ಚಿನ ಸಂಪರ್ಕ ಬಹುಮಟ್ಟಿಗೆ ಹಳೆಯ ವಿಎಚ್‌ಎಫ್ ಅನಲಾಗ್ ಚಾನೆಲ್‌ಗಳಲ್ಲಿಯೇ ನಡೆಯುತ್ತದೆ. ವಿಮಾನಗಳ ಸಂಭಾಷಣೆಯೂ 118ರಿಂದ 137 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯಲ್ಲಿ ಅನಲಾಗ್ ರೂಪದಲ್ಲಿದೆ. ಹವಾಮಾನ ಎಚ್ಚರಿಕೆಯ ಏಳು ಚಾನೆಲ್‌ಗಳು 162.400ರಿಂದ 162.550 ಮೆಗಾಹರ್ಟ್ಸ್‌ವರೆಗೆ ಹರಡಿದ್ದು, ಅವಕ್ಕೆ ಅಗ್ಗದ ಹವಾಮಾನ ರೇಡಿಯೋ ಸಾಕು. ಬೆಟ್ಟದ ಬದಿಯ ಊರಿನಲ್ಲಿ ಬೆಂಕಿಯ ಸುದ್ದಿಗಾಗಿ ಮಾತ್ರ ಸ್ಕ್ಯಾನರ್ ಬೇಕೆನ್ನುವವರಿಗೆ ಡಿಜಿಟಲ್ ಮಾದರಿಯೇ ಅನಗತ್ಯವಾಗಬಹುದು. ಕಡಿಮೆ ಗುಂಡಿಗಳಿರುವ ಅನಲಾಗ್ ಸ್ಕ್ಯಾನರ್‌ನಷ್ಟು ಸುಲಭವಾದುದು ಬೇರೊಂದಿಲ್ಲ.

ಬ್ರಾಡ್‌ಕಾಸ್ಟಿಫೈ ಮುಂತಾದ ಅಂತರ್ಜಾಲ ಸೇವೆಗಳ ಮೂಲಕ ಮೊಬೈಲ್‌ನಲ್ಲಿಯೂ ಇಂತಹ ಸಂಭಾಷಣೆಗಳನ್ನು ಕೇಳಬಹುದು. ಬಳಸಲು ಇವು ಅತ್ಯಂತ ಸುಲಭ. ಆದರೆ ಧ್ವನಿ ತಡವಾಗಿ ಬರುತ್ತದೆ, ಮೊಬೈಲ್ ಗೋಪುರ ನಿಂತರೆ ಅದೂ ನಿಲ್ಲುತ್ತದೆ. ಸ್ಕ್ಯಾನರ್‌ನಲ್ಲಿ ಕೇಳಿದ್ದು ಅಧಿಕೃತ ಆದೇಶವಲ್ಲವೆಂಬುದನ್ನೂ ಮರೆಯಬಾರದು. ಸಿಬ್ಬಂದಿ ತಮ್ಮತಮ್ಮಲ್ಲಿ ಆಡುವ ಮಾತಿನಲ್ಲಿ ಊಹೆಯೂ, ಮರುಕ್ಷಣ ಬದಲಾಗುವ ತೀರ್ಮಾನವೂ ಇರುತ್ತದೆ. ತೆರವಿನ ಆದೇಶ ಬಂದಾಗ ಇನ್ನೂ ಸ್ವಲ್ಪ ಕೇಳಿ ನೋಡೋಣ ಎಂದು ಕಾಯುವುದು ಅಪಾಯಕರ.

ಕಾನೂನು

ಅಮೆರಿಕದಲ್ಲಿ ಸಾರ್ವಜನಿಕ ಸುರಕ್ಷತಾ ಸೇವೆಗಳ ತೆರೆದ ಸಂಭಾಷಣೆಯನ್ನು ಆಲಿಸಲು ಸಾಮಾನ್ಯವಾಗಿ ಅವಕಾಶವಿದೆ. ಮೊಬೈಲ್ ದೂರವಾಣಿ ಸಂಭಾಷಣೆಯನ್ನು ಆಲಿಸುವುದನ್ನು 1986ರ ಕೇಂದ್ರ ಕಾಯ್ದೆ ನಿಷೇಧಿಸಿದೆ. 1994ರಿಂದೀಚೆಗೆ ಅಲ್ಲಿ ಮಾರುವ ಸ್ಕ್ಯಾನರ್‌ಗಳಲ್ಲಿ ಆ ಪಟ್ಟಿಯನ್ನೇ ತಡೆಹಿಡಿಯಲಾಗಿರುತ್ತದೆ. ನ್ಯೂಯಾರ್ಕ್, ಫ್ಲಾರಿಡಾ, ಇಂಡಿಯಾನಾ, ಕೆಂಟಕಿ, ಮಿನ್ನೆಸೋಟ ಮುಂತಾದ ಕೆಲವು ರಾಜ್ಯಗಳಲ್ಲಿ ವಾಹನದೊಳಗೆ ಇದನ್ನು ಇಟ್ಟುಕೊಳ್ಳಲು ನಿರ್ಬಂಧಗಳಿವೆ.

ಭಾರತದ ಸ್ಥಿತಿ ಇದಕ್ಕಿಂತ ಸಂಪೂರ್ಣ ಭಿನ್ನ. ನಿಸ್ತಂತು ಉಪಕರಣವನ್ನು ಹೊಂದಲು ಕೇಂದ್ರ ಸರ್ಕಾರದ ಅನುಮತಿ ಬೇಕೆಂಬ ತತ್ವ 1933ರ ಭಾರತೀಯ ವೈರ್‌ಲೆಸ್ ಟೆಲಿಗ್ರಾಫಿ ಕಾಯ್ದೆಯಿಂದ ಬಂದಿದ್ದು, 2023ರ ದೂರಸಂಪರ್ಕ ಕಾಯ್ದೆಯಲ್ಲಿಯೂ ಮುಂದುವರಿದಿದೆ. ಆಕಾಶವಾಣಿ ಹಾಗೂ ಎಫ್‌ಎಂ ಕೇಳುವ ಸಾಮಾನ್ಯ ರೇಡಿಯೋಗಳಿಗೆ ಇರುವ ವಿನಾಯಿತಿ ಪೊಲೀಸ್ ಸಂಭಾಷಣೆಯನ್ನು ಆಲಿಸುವ ಸ್ಕ್ಯಾನರ್‌ಗೆ ಅನ್ವಯಿಸುತ್ತದೆಂದು ಭಾವಿಸಬಾರದು. 2025ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು ಅಂತರ್ಜಾಲ ಮಳಿಗೆಗಳಲ್ಲಿ ವಾಕಿಟಾಕಿ ಮುಂತಾದ ರೇಡಿಯೋ ಉಪಕರಣಗಳ ಅಕ್ರಮ ಮಾರಾಟವನ್ನು ತಡೆಯಲು ಮಾರ್ಗಸೂಚಿಯನ್ನು ಹೊರಡಿಸಿರುತ್ತದೆ. ಅಮೆರಿಕದಲ್ಲಿ ನೆಲೆಸಿದ್ದು ಸ್ವದೇಶಕ್ಕೆ ಮರಳುವ ಕನ್ನಡಿಗರು ಬಳಸುತ್ತಿದ್ದ ಸ್ಕ್ಯಾನರ್‌ನ್ನು ಕೇವಲ ರೇಡಿಯೋ ಎಂದೆಣಿಸಿ ಸಾಮಾನಿನೊಂದಿಗೆ ತರುವುದು ಸೂಕ್ತವಲ್ಲ. ಅದರ ದತ್ತಾಂಶದಲ್ಲಿ ಇಲ್ಲಿನ ಯಾವ ಊರೂ ಇರುವುದಿಲ್ಲವಾದ್ದರಿಂದ ತಂದರೂ ಉಪಯೋಗವಿಲ್ಲ. ರೇಡಿಯೋ ಸಂಪರ್ಕದಲ್ಲಿ ಆಸಕ್ತಿಯುಳ್ಳವರು ಕೇಂದ್ರ ಸಂಪರ್ಕ ಸಚಿವಾಲಯವು ನಡೆಸುವ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಹವ್ಯಾಸಿ ರೇಡಿಯೋ ಪರವಾನಗಿಯನ್ನು ಪಡೆಯಬಹುದಾಗಿದೆ.