ನೆಲದ ನಡುಕ, ಕಡಲ ಗಾಳಿ: ಎರಡು ಶಾಸ್ತ್ರಗಳ ನಡುವಿನ ದಾರಿ

ಚಂಡಮಾರುತವೂ ಭೂಕಂಪವೂ ಒಂದೇ ಹೊತ್ತಿಗೆ ಬಂದರೆ ಒಂದು ಇನ್ನೊಂದನ್ನು ಹುಟ್ಟಿಸಿತೆಂದು ನಂಬುವುದು ಹಳೆಯ ರೂಢಿ. ಮೊಬೈಲಿನಲ್ಲಿ ಹರಿದಾಡುವ ಸಂದೇಶಗಳಿಂದಾಗಿ ಅದಕ್ಕೆ ಈಚೆಗೆ ಹೊಸ ಕಳೆ ಬಂದಿದೆ. 2021ರ ಮೇ ತಿಂಗಳಲ್ಲಿ ಉಡುಪಿ ಜಿಲ್ಲೆಯ ತೀರವನ್ನು ಕೊರೆದು, ಉಪ್ಪುಂದ–ಬೈಂದೂರಿನ ಎದುರಿನ ಕಡಲಲ್ಲಿ ಉತ್ತರಕ್ಕೆ ಸಾಗಿದ ತೌಕ್ತೆ ಚಂಡಮಾರುತ 17ರ ರಾತ್ರಿ ಗುಜರಾತಿನ ಊನಾ ಸಮೀಪ ನೆಲ ಹತ್ತಿತು. ಅದೇ ದಿನ ನಸುಕಿನಲ್ಲಿ ಊನಾದ ಬಳಿಯೇ 4.5 ಪ್ರಮಾಣದ ಕಂಪನ ದಾಖಲಾಗಿತ್ತು. ಸೌರಾಷ್ಟ್ರದಲ್ಲಿ ಸಣ್ಣ ಕಂಪನಗಳು ಮಾಮೂಲೆಂಬುದನ್ನು ಮರೆತವರಿಗಷ್ಟೇ ಇದು ಪವಾಡ.

ಚಂಡಮಾರುತಕ್ಕೂ ಭೂಕಂಪಕ್ಕೂ ಇರುವ ನಂಟಿನ ಅಧ್ಯಯನದ ಮೊದಲ ಹಂತವೇ ಗೊಂದಲದ್ದು. 1737ರ ಅಕ್ಟೋಬರಿನಲ್ಲಿ ಕಲ್ಕತ್ತೆಯಲ್ಲಿ ಮೂರು ಲಕ್ಷ ಜನರನ್ನು ಬಲಿ ಪಡೆದ ಭೂಕಂಪವಾಯಿತೆಂಬ ಮಾತು, 1883ರಲ್ಲಿ ಪ್ರಕಟವಾದ ಥಾಮಸ್ ಓಲ್ಡ್‌ಹ್ಯಾಂ ಅವರ ಭಾರತೀಯ ಭೂಕಂಪಗಳ ಪಟ್ಟಿಯ ಮೂಲಕವೂ ಶಾಸ್ತ್ರದೊಳಗೆ ನೆಲೆಯೂರಿತು. ಅದು ಚಂಡಮಾರುತವೇ ಹೊರತು ಭೂಕಂಪವಲ್ಲವೆಂದೂ, ಅಷ್ಟು ಜನ ಆಗ ಆ ಊರಿನಲ್ಲಿ ಇರಲೇ ಇಲ್ಲವೆಂದೂ ಭೂವಿಜ್ಞಾನಿ ರೋಜರ್ ಬಿಲ್ಹಂ ತೋರಿಸಿದ್ದು 1994ರಲ್ಲಿ. ಪಶ್ಚಿಮ ಕರಾವಳಿಯಲ್ಲಿ 1618ರ ಮುಂಬಯಿಯ ‘ಭೂಕಂಪ’ದ ಮೇಲೂ ಇದೇ ಬಗೆಯ ಸಂಶಯವಿದೆ.

ನೆಲದ ವಿಪತ್ತೂ ಗಾಳಿಯ ವಿಪತ್ತೂ ನಿಜವಾಗಿ ಕೂಡಿಬಂದದ್ದಕ್ಕೆ ಫಿಲಿಪ್ಪೀನ್ಸಿನ ಪಿನಟೂಬೊ ಜ್ವಾಲಾಮುಖಿ ಸಾಕ್ಷಿ. 1991ರ ಜೂನ್ 15ರಂದು ಅದು ಸಿಡಿದ ದಿನವೇ ಯೂನ್ಯಾ ಚಂಡಮಾರುತ ಹತ್ತಿರದಲ್ಲಿ ಹಾದುಹೋಯಿತು. ಮಳೆನೀರು ಹೀರಿ ಭಾರವಾದ ಬೂದಿಯ ಅಡಿಯಲ್ಲಿ ಮಾಡುಗಳು ಕುಸಿದು, ಸ್ಫೋಟದ ವೇಳೆ ಸತ್ತವರಲ್ಲಿ ಹೆಚ್ಚಿನವರು ಹಾಗೆಯೇ ಸತ್ತರು. ಇವೆರಡರಲ್ಲಿ ಯಾವುದೂ ಇನ್ನೊಂದಕ್ಕೆ ಕಾರಣವಾಗಿರಲಿಲ್ಲ, ಆದರೂ ಒಂದರ ಪರಿಣಾಮವನ್ನು ಇನ್ನೊಂದು ಹಲವು ಪಟ್ಟು ಹೆಚ್ಚಿಸಿತ್ತು.

ಗಾಳಿಗೂ ನೆಲಕ್ಕೂ ಇರುವ ಖಚಿತವಾದ ನಂಟನ್ನು ಹಿಡಿದವರಲ್ಲಿ ಭಾರತೀಯರೊಬ್ಬರು ಮುಂಚೂಣಿಯಲ್ಲಿದ್ದರೆಂಬುದನ್ನು ಇಂದಿನ ಬರಹಗಳು ಅಪರೂಪಕ್ಕೆ ನೆನೆಯುತ್ತವೆ. ಮುಂಬಯಿಯ ಕೊಲಾಬಾ ವೀಕ್ಷಣಾಲಯದಲ್ಲಿದ್ದ ಸುಧಾಂಶು ಕುಮಾರ್ ಬ್ಯಾನರ್ಜಿ, ಮುಂಗಾರು ಬಿರುಸಾದಾಗ ಮತ್ತು ಕಡಲಲ್ಲಿ ಚಂಡಮಾರುತ ಎದ್ದಾಗ ಭೂಕಂಪಮಾಪಕದ ಗೆರೆ ಎಡೆಬಿಡದೆ ನಡುಗುವುದನ್ನು ಅಭ್ಯಾಸ ಮಾಡಿ, ಈ ‘ಸೂಕ್ಷ್ಮಕಂಪನ’ಗಳು, ಅಂದರೆ ಮನುಷ್ಯರ ಅರಿವಿಗೆ ಬಾರದಷ್ಟು ಸಣ್ಣ ನೆಲದ ಅದುರುಗಳು, ಅಲೆಗಳ ಒತ್ತಡದಿಂದ ಹುಟ್ಟುತ್ತವೆಂದು 1930ರಲ್ಲಿ ಬರೆದರು. ಎದುರುಬದುರಾಗಿ ಬರುವ ಅಲೆಗಳು ಕೂಡಿದಾಗ ಅವುಗಳ ಒತ್ತಡ ಕಡಲತಳದವರೆಗೆ ಇಳಿಯುತ್ತದೆಂಬ ಗಣಿತವನ್ನು ಗಣಿತಜ್ಞ ಲಾಂಗೆಟ್-ಹಿಗ್ಗಿನ್ಸ್ 1950ರಲ್ಲಿ ಕೊಟ್ಟರು. ಉತ್ತರ ಅಮೆರಿಕದ ತೀರದಾಚೆ ಬಿರುಗಾಳಿಗಳು ಇಂಥ ಹತ್ತು ಸಾವಿರಕ್ಕೂ ಹೆಚ್ಚು ಕಂಪನಗಳನ್ನು ಎಬ್ಬಿಸಿದ್ದನ್ನು 2019ರಲ್ಲಿ ‘ಬಿರುಗಾಳಿಕಂಪ’ವೆಂಬ ಅರ್ಥದ ಹೊಸ ಹೆಸರಿನಲ್ಲಿ ಸಾರಿದಾಗ ಪತ್ರಿಕೆಗಳು ಬೆರಗಾದವು, ಕೊಲಾಬಾದ ಕೆಲಸ ಬಲ್ಲವರಿಗೆ ಅದು ಹಳೆಯ ಮರದ ಹೊಸ ಕೊಂಬೆ.

ಚಂಡಮಾರುತ ನಿಜವಾದ ಭೂಕಂಪವನ್ನೇ ಕೆಣಕಬಲ್ಲದೇ ಎಂಬುದು ಬೇರೆ ಪ್ರಶ್ನೆ. ತೈವಾನಿನಲ್ಲಿ 2002ರಿಂದ 2007ರವರೆಗೆ ಗುರುತಿಸಿದ 20 ‘ನಿಧಾನ ಭೂಕಂಪ’ಗಳಲ್ಲಿ, ಎಂದರೆ ಗಂಟೆಗಟ್ಟಲೆ ಸದ್ದಿಲ್ಲದೆ ಜಾರುವ ಬಿರುಕುಗಳಲ್ಲಿ, 11 ಚಂಡಮಾರುತದ ವೇಳೆಯವು, ವಾಯುಭಾರ ಇಳಿದಾಗ ನೆಲದ ಮೇಲಿನ ಹೊರೆ ಕಡಿಮೆಯಾಗುವುದು ಅದರ ಕಾರಣವೆಂದು ವಿವರಿಸಲಾಗಿದೆ. ಕರ್ನಾಟಕದ ಉದಾಹರಣೆಗಳು ಇನ್ನಷ್ಟು ಸೌಮ್ಯ: 2021ರ ಮಳೆಗಾಲದ ಕೊನೆಯಲ್ಲಿ ಕಲಬುರಗಿ ಜಿಲ್ಲೆಯ ಗಡಿಕೇಶ್ವರದಲ್ಲಿ ಮತ್ತೆ ಮತ್ತೆ ಆದ ಕಂಪನಗಳನ್ನು, ಇಂಗಿದ ಮಳೆನೀರು ಬಂಡೆಯ ಬಿರುಕುಗಳ ಒತ್ತಡವನ್ನು ಬದಲಿಸಿದ್ದರ ಫಲವೆಂದು ತಜ್ಞರು ವಿವರಿಸಿದರು. ಕೊಡಗಿನಲ್ಲಿ 2018ರ ಜುಲೈನಲ್ಲಿ ಸಣ್ಣ ಕಂಪನವಾಗಿ ಆಗಸ್ಟಿನಲ್ಲಿ ಗುಡ್ಡಗಳು ಜರಿದಾಗ ಜನ ಎರಡನ್ನೂ ಗಂಟು ಹಾಕಿದರೂ, ಭೂವಿಜ್ಞಾನಿಗಳು ಬೆರಳು ತೋರಿಸಿದ್ದು ಮಳೆ ಮತ್ತು ಇಳಿಜಾರು ಕಡಿದ ಕೈಗಳ ಕಡೆಗೆ.

ಉಡುಪಿ ಕರಾವಳಿಯ ಮಟ್ಟಿಗೆ ಜ್ವಾಲಾಮುಖಿ ಮುಗಿದ ಕತೆ. ಮಲ್ಪೆ ಎದುರಿನ ಸೇಂಟ್ ಮೇರಿ ದ್ವೀಪದ ಕಲ್ಲುಕಂಬಗಳು ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದ, ಸುಮಾರು 8.8 ಕೋಟಿ ವರ್ಷ ಹಿಂದಿನ ಲಾವಾದವು. ಆದರೆ ಪಿನಟೂಬೊದ ಪಾಠ ಇಲ್ಲಿಗೂ ಸಲ್ಲುತ್ತದೆ. ಉಪ್ಪುಂದಕ್ಕೆ ಸಮೀಪದ ಒತ್ತಿನೆಣೆಯಲ್ಲಿ ಹೆದ್ದಾರಿಗಾಗಿ ಕಡಿದ ಗುಡ್ಡ ಬರಿಯ ಮಳೆಗೇ ಜರಿದಿದೆ. ಮುರಕಲ್ಲಿನ ಅಡಿಯ ಶೇಡಿಮಣ್ಣು ನೀರು ಕುಡಿದು ನಿಂತ ಹೊತ್ತಿನಲ್ಲಿ ಸಾಧಾರಣ ಕಂಪನವೊಂದು ಬಂದರೆ ಏನಾದೀತೆಂಬ ಪ್ರಶ್ನೆ, ಕಾರಣ ಹುಡುಕುವ ಚರ್ಚೆಗಿಂತ ಹೆಚ್ಚು ತುರ್ತಿನದು. ಅದಕ್ಕೆ ಉತ್ತರಿಸಲು ಮಳೆ, ಅಲೆ, ಕಂಪನಗಳ ದಾಖಲೆಯನ್ನು ಒಟ್ಟಿಗಿಟ್ಟು ಓದುವವರು ಬೇಕು. ಭಾರತದಲ್ಲಿ ಆ ಓದಿಗೆ ಒಂದು ಪರಂಪರೆಯೇ ಇತ್ತು: ಭೂಕಂಪ ವೀಕ್ಷಣೆ 1898ರಲ್ಲಿ ಹವಾಮಾನ ಇಲಾಖೆಯಲ್ಲೇ ಆರಂಭವಾಯಿತು, ಬ್ಯಾನರ್ಜಿಯವರು 1944ರಲ್ಲಿ ಅದೇ ಇಲಾಖೆಯ ಮೊದಲ ಭಾರತೀಯ ಮಹಾನಿರ್ದೇಶಕರಾದರು. 2014ರಲ್ಲಿ ಭೂಕಂಪ ವಿಭಾಗವನ್ನು ಹವಾಮಾನ ಇಲಾಖೆಯಿಂದ ಬೇರ್ಪಡಿಸಲಾಯಿತು.