ಲಿನಕ್ಸ್‌ನಲ್ಲಿ ಡೂಮ್, ಕ್ವೇಕ್: ನಿಮ್ಮ ಹಳೆಯ ಕಂಪ್ಯೂಟರಿಗೆ ಯಾವ ಎಂಜಿನ್ ಸರಿ?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ ಮುಗಿಯಿತು. ಹಳೆಯ ಯಂತ್ರಗಳಲ್ಲಿ ಹೆಚ್ಚಿನವು ವಿಂಡೋಸ್ 11ರ ಷರತ್ತುಗಳಿಗೆ ಹೊಂದುವುದಿಲ್ಲ. ಹಾಗಾಗಿ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡದಂಥ ಊರುಗಳ ಮನೆಗಳಲ್ಲಿರುವ ಎಷ್ಟೋ ಕಂಪ್ಯೂಟರುಗಳ ಮುಂದೆ ಈಗ ಎರಡೇ ದಾರಿ: ಗುಜರಿ ಅಥವಾ ಲಿನಕ್ಸ್. ಲಿನಕ್ಸ್ ಎಂದ ಕೂಡಲೇ ಮಕ್ಕಳಿಂದ ಬರುವ ಮೊದಲ ತಕರಾರು, ‘ಅದರಲ್ಲಿ ಗೇಮ್ ಓಡೋದಿಲ್ಲ’ ಎಂಬುದು. ಹೊಸ ಆಟಗಳ ವಿಷಯದಲ್ಲಿ ಇದು ಸ್ವಲ್ಪಮಟ್ಟಿಗೆ ನಿಜ. ಆದರೆ ಡೂಮ್, ಕ್ವೇಕ್‌ನಂಥ ಹಳೆಯ ಶೂಟರ್ ಆಟಗಳ ಮಟ್ಟಿಗೆ ಇದು ಪೂರ್ತಿ ತಪ್ಪು. ಏಕೆಂದು ನೋಡೋಣ.

ಎಂಜಿನ್ ಬೇರೆ, ಆಟದ ಸರಕು ಬೇರೆ

ಕ್ಯಾಸೆಟ್ ಮತ್ತು ಟೇಪ್ ರೆಕಾರ್ಡರ್ ನೆನಪಿಸಿಕೊಳ್ಳಿ. ಹಾಡು ಇರುವುದು ಕ್ಯಾಸೆಟ್ಟಿನಲ್ಲಿ, ಅದನ್ನು ನುಡಿಸುವುದು ಯಂತ್ರ. ಡೂಮ್ ಕೂಡ ಹೀಗೆಯೇ. ನಕ್ಷೆ, ಚಿತ್ರ, ಸದ್ದು ಎಲ್ಲವೂ ‘ವ್ಯಾಡ್’ ಎಂಬ ಒಂದು ಕಡತದಲ್ಲಿರುತ್ತವೆ. ಅದನ್ನು ಓದಿ ಪರದೆಯ ಮೇಲೆ ಆಟವಾಗಿಸುವ ತಂತ್ರಾಂಶವೇ ಎಂಜಿನ್.

ಡೂಮ್ ಬಿಡುಗಡೆಯಾದದ್ದು 1993ರ ಡಿಸೆಂಬರ್ 10ರಂದು. 1997ರ ಡಿಸೆಂಬರ್‌ನಲ್ಲಿ ಇಡ್ ಸಾಫ್ಟ್‌ವೇರ್ ಕಂಪನಿಯ ಜಾನ್ ಕಾರ್ಮ್ಯಾಕ್ ಅದರ ಎಂಜಿನ್ನಿನ ಮೂಲ ಸಂಕೇತವನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಡಾಸ್ ಆವೃತ್ತಿಯ ಸದ್ದಿನ ಭಾಗ ಬೇರೊಬ್ಬರ ಸ್ವತ್ತಾಗಿತ್ತು. ಆದ್ದರಿಂದ ಅಂದು ಹೊರಬಂದದ್ದು ಲಿನಕ್ಸ್ ಆವೃತ್ತಿಯ ಸಂಕೇತ! 1999ರಲ್ಲಿ ಡೂಮ್, ಕ್ವೇಕ್ ಎರಡರ ಸಂಕೇತವೂ ಜಿಪಿಎಲ್ ಪರವಾನಗಿಯಡಿ ಬಂದವು. ಅಂದಿನಿಂದ ಜಗತ್ತಿನ ಹವ್ಯಾಸಿಗಳು ಅದನ್ನು ತಿದ್ದಿ ತೀಡಿ ಹಲವು ಎಂಜಿನ್‌ಗಳನ್ನು ಮಾಡಿದ್ದಾರೆ. ಹಾಗಾದರೆ ನಮಗೆ ಬೇಕಾದದ್ದು ಯಾವುದು?

‘ದೊಡ್ಡ ಎಂಜಿನ್ನೇ ಒಳ್ಳೆಯದು’ ಎಂಬ ನಂಬಿಕೆ

ಹೆಚ್ಚಿನವರು ಮೊದಲು ಹಾಕಿಕೊಳ್ಳುವುದು ಜಿಝಡ್‌ಡೂಮ್. ತಲೆಯೆತ್ತಿ ನೋಡುವುದು, ಜಿಗಿಯುವುದು, ಬಣ್ಣಬಣ್ಣದ ಬೆಳಕು, ಸಾವಿರಾರು ಮಾಡ್‌ಗಳು, ಎಲ್ಲವೂ ಅದರಲ್ಲಿವೆ. ಆದರೆ ಅದಕ್ಕೆ ಸಾಮಾನ್ಯವಾಗಿ ಓಪನ್‌ಜಿಎಲ್ 3.3 ಬಲ್ಲ ಗ್ರಾಫಿಕ್ಸ್ ಬೇಕು. ಕೋರ್ 2 ಡ್ಯುಯೊ ಕಾಲದ ಮದರ್‌ಬೋರ್ಡುಗಳಲ್ಲಿರುವ ಇಂಟೆಲ್ ಗ್ರಾಫಿಕ್ಸ್ 2.1ರಲ್ಲೇ ನಿಲ್ಲುತ್ತದೆ. ಆಗ ಆಟ ತೆರೆಯದಿದ್ದರೆ ತಪ್ಪು ಲಿನಕ್ಸ್‌ನದಲ್ಲ, ನಮ್ಮ ಆಯ್ಕೆಯದು. ಟರ್ಮಿನಲ್‌ನಲ್ಲಿ ‘ಜಿಎಲ್‌ಎಕ್ಸ್‌ಇನ್ಫೋ’ ಆದೇಶ ಕೊಟ್ಟರೆ ನಿಮ್ಮ ಯಂತ್ರ ಯಾವ ಆವೃತ್ತಿಯವರೆಗೆ ಬಲ್ಲದು ಎಂಬುದು ತಿಳಿಯುತ್ತದೆ. ಮೊದಲು ಇದನ್ನು ನೋಡಿ, ಆಮೇಲೆ ಆರಿಸಿ.

ಯಾವ ಯಂತ್ರಕ್ಕೆ ಯಾವುದು?

ಚಾಕೊಲೇಟ್ ಡೂಮ್: 1990ರ ದಶಕದ ಆಟವನ್ನು ಇದ್ದದ್ದು ಇದ್ದಂತೆ ತೋರಿಸುತ್ತದೆ. ಅದೇ 320x200 ಚಿತ್ರ, ಸೆಕೆಂಡಿಗೆ 35 ಚೌಕಟ್ಟು, ಹಳೆಯ ದೋಷಗಳು ಕೂಡ. ಮೂಲ ಆಟ 386 ಪ್ರೊಸೆಸರ್ ಮತ್ತು 4 ಎಂಬಿ ರ್‍ಯಾಮ್‌ನಲ್ಲಿ ಓಡುತ್ತಿತ್ತು. ಹಾಗಾಗಿ ಇದು ಬಹಳ ಹಗುರ.

ಕ್ರಿಸ್ಪಿ ಡೂಮ್: ಚಾಕೊಲೇಟ್ ಡೂಮ್‌ನಿಂದಲೇ ಹುಟ್ಟಿದ್ದು. ಚಿತ್ರ ಹೆಚ್ಚು ಸ್ಪಷ್ಟ, ಚಲನೆ ನಯ, ಹಳೆಯ ಮಿತಿಗಳಿಲ್ಲ. ಹಳೆಯ ಯಂತ್ರವಿರುವ ಹೆಚ್ಚಿನವರಿಗೆ ನಮ್ಮ ಸಲಹೆ ಇದೇ.

ಡಿಎಸ್‌ಡಿಎ ಡೂಮ್: ಅಭಿಮಾನಿಗಳು ರಚಿಸಿದ ಭಾರೀ ನಕ್ಷೆಗಳನ್ನು ಆಡುವವರಿಗೆ ಮತ್ತು ಎಷ್ಟು ಬೇಗ ಮುಗಿಸಬಲ್ಲೆ ಎಂದು ಪಂಥ ಕಟ್ಟುವವರಿಗೆ.

ಜಿಝಡ್‌ಡೂಮ್: ಮಾಡ್‌ಗಳೇ ಬೇಕು, ಯಂತ್ರವೂ ಗಟ್ಟಿಯಿದೆ ಎನ್ನುವವರಿಗೆ. 2025ರಲ್ಲಿ ಇದರ ಹಲವು ಅಭಿವರ್ಧಕರು ಬೇರೆಯಾಗಿ ಯುಝಡ್‌ಡೂಮ್ ಎಂಬ ಕವಲನ್ನು ಆರಂಭಿಸಿದ್ದಾರೆ.

ಕ್ವೇಕ್‌ಗೂ ಇದೇ ಲೆಕ್ಕ. ಹಳೆಯ ಯಂತ್ರಕ್ಕೆ ಕ್ವೇಕ್‌ಸ್ಪ್ಯಾಸಂ. ಐರನ್‌ವೇಲ್ ವೇಗದ್ದು, ಆದರೆ ಓಪನ್‌ಜಿಎಲ್ 4.3 ಕೇಳುತ್ತದೆ. ವಿಕೆಕ್ವೇಕ್‌ಗೆ ವಲ್ಕನ್ ಬೇಕು. ಕ್ವೇಕ್ 2ಕ್ಕೆ ಯಮಗಿ ಕ್ವೇಕ್ 2, ಕ್ವೇಕ್ 3ಕ್ಕೆ ಐಒಕ್ವೇಕ್3.

ನೆಟ್ವರ್ಕ್ ಸಿಗದ ಊರಿನಲ್ಲಿ

ಜೋಯಿಡಾದ ಕಾಡಿನ ನಡುವಿನ ಹಳ್ಳಿಗಳಲ್ಲಿ ಸಿಗ್ನಲ್ ಸಿಗುವುದೇ ಕಷ್ಟ. ಮೊಬೈಲ್ ಡೇಟಾ ನಂಬಿದವರಿಗೆ ಡೌನ್‌ಲೋಡಿನ ಗಾತ್ರವೂ ಮುಖ್ಯ. ಚಾಕೊಲೇಟ್ ಡೂಮ್, ಕ್ರಿಸ್ಪಿ ಡೂಮ್ ಎರಡೂ ಡೆಬಿಯನ್, ಉಬುಂಟುಗಳ ಭಂಡಾರದಲ್ಲೇ ಇವೆ, ಕೆಲವೇ ಎಂಬಿಗಳಲ್ಲಿ ಮುಗಿಯುತ್ತವೆ. ಜಿಝಡ್‌ಡೂಮ್ ಅನ್ನು ಫ್ಲ್ಯಾಟ್‌ಪ್ಯಾಕ್ ಮೂಲಕ ಮೊದಲ ಬಾರಿ ಹಾಕಿದರೆ ಅದರ ಜತೆಗೆ ನೂರಾರು ಎಂಬಿ ಇಳಿಯಬಹುದು. ದಾಂಡೇಲಿಗೋ ಹಳಿಯಾಳಕ್ಕೋ ಹೋದಾಗ ಲ್ಯಾಪ್‌ಟಾಪ್ ಒಯ್ದು ಹಾಕಿಸಿಕೊಂಡು ಬಂದರಾಯಿತು. ಆಮೇಲೆ ಒಬ್ಬರೇ ಆಡಲು ಇಂಟರ್‌ನೆಟ್ ಬೇಕೇ ಇಲ್ಲ. ಮನೆಯಲ್ಲಿ ಒಂದು ರೌಟರ್ ಇದ್ದರೆ ಚಾಕೊಲೇಟ್ ಡೂಮ್‌ನಲ್ಲಿ ನಾಲ್ವರು ಒಟ್ಟಿಗೆ ಆಡಬಹುದು, ಎಲ್ಲರ ಬಳಿಯೂ ಒಂದೇ ಎಂಜಿನ್, ಒಂದೇ ವ್ಯಾಡ್ ಇರಬೇಕು ಅಷ್ಟೇ.

‘ಹಳೆಯ ಆಟ, ಹಾಗಾಗಿ ಪುಕ್ಕಟೆ’ ಎಂಬುದು ನಿಜವೇ?

ಅಲ್ಲ. ಬಿಟ್ಟುಕೊಟ್ಟದ್ದು ಎಂಜಿನ್ ಮಾತ್ರ. ಪೂರ್ಣ ಆಟದ ವ್ಯಾಡ್‌ಗೆ ಇಂದಿಗೂ ಕೃತಿಸ್ವಾಮ್ಯವಿದೆ. ಯಾರದೋ ಪೆನ್‌ಡ್ರೈವ್‌ನಿಂದ ನಕಲು ಮಾಡಿಕೊಂಡರೆ ಕಾನೂನಿನ ತೊಡಕಿನ ಜತೆಗೆ ವೈರಸ್ಸೂ ಬರಬಹುದು. ಅದರ ಅಗತ್ಯವೇ ಇಲ್ಲ. ಮೊದಲ ಕಂತಿನ 9 ಹಂತಗಳ ಶೇರ್‌ವೇರ್ ಕಡತವನ್ನು ಕಂಪನಿಯೇ ಹಂಚಲು ಬಿಟ್ಟಿತ್ತು, ಗಾತ್ರ ಸುಮಾರು 4 ಎಂಬಿ. ಅದು ಸಾಲದಿದ್ದರೆ ಫ್ರೀಡೂಮ್ ಇದೆ. ನಕ್ಷೆ, ಚಿತ್ರ, ಸದ್ದು ಎಲ್ಲವನ್ನೂ ಸ್ವಯಂಸೇವಕರು ಹೊಸದಾಗಿ ಮಾಡಿದ್ದಾರೆ. ಅದನ್ನು ಯಾರು ಬೇಕಾದರೂ ಬಳಸಬಹುದು, ಹಂಚಬಹುದು. ಕ್ವೇಕ್‌ಗೆ ಇಂಥದ್ದೇ ಪ್ರಯತ್ನ ಲಿಬ್ರೆಕ್ವೇಕ್. ಮೂಲ ಆಟವೇ ಬೇಕೆಂದರೆ ಸ್ಟೀಮ್ ಅಥವಾ ಗಾಗ್‌ನಲ್ಲಿ ಕೊಂಡು, ಅದರ ವ್ಯಾಡ್ ಅನ್ನು ನಿಮ್ಮ ಎಂಜಿನ್ನಿಗೆ ಕೊಡಿ.

ಇಷ್ಟನ್ನು ಗಮನಿಸಿ

ಕ್ವೇಕ್ ಕಡತಗಳನ್ನು ಹಳೆಯ ಸಿಡಿಯಿಂದ ನಕಲು ಮಾಡಿದಾಗ ‘ಕಡತ ಸಿಗುತ್ತಿಲ್ಲ’ ಎಂದು ಬಂದರೆ ಹೆದರಬೇಡಿ. ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರಗಳನ್ನು ಲಿನಕ್ಸ್ ಬೇರೆಬೇರೆ ಎಂದೇ ಎಣಿಸುತ್ತದೆ. ಫೋಲ್ಡರ್ ಮತ್ತು ಕಡತದ ಹೆಸರನ್ನು ಸಣ್ಣಕ್ಷರಕ್ಕೆ ಬದಲಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಆಡುವಾಗ ಕೆಲವರಿಗೆ ತಲೆ ಸುತ್ತಿ ಓಕರಿಕೆ ಬರುತ್ತದೆ. ಕಣ್ಣು ‘ಓಡುತ್ತಿದ್ದೇನೆ’ ಎನ್ನುತ್ತದೆ, ಒಳಗಿವಿ ‘ಕುಳಿತಿದ್ದೇನೆ’ ಎನ್ನುತ್ತದೆ. ಈ ಗೊಂದಲವೇ ಕಾರಣ. ಕ್ರಿಸ್ಪಿ ಡೂಮ್‌ನಲ್ಲಿ ದೃಶ್ಯದ ಓಲಾಟವನ್ನು ತಗ್ಗಿಸಬಹುದು. ಆಗಲೂ ತೊಂದರೆಯೆನಿಸಿದರೆ ಆಟ ನಿಲ್ಲಿಸಿ. ಇವು ರಕ್ತಪಾತದ ಆಟಗಳು, ಚಿಕ್ಕ ಮಕ್ಕಳಿಗಲ್ಲ ಎಂಬುದನ್ನೂ ಮರೆಯಬೇಡಿ.

ಒಟ್ಟಿನಲ್ಲಿ, ಎಂಜಿನ್ ಆರಿಸುವಾಗ ಯಾವುದು ದೊಡ್ಡದು ಎಂದು ಕೇಳಬೇಡಿ. ನನ್ನ ಯಂತ್ರ ಎಷ್ಟು ಬಲ್ಲದು, ನನ್ನ ಡೇಟಾ ಎಷ್ಟಿದೆ, ನನಗೆ ಬೇಕಾದದ್ದು ಹಳೆಯ ಆಟವೋ ಹೊಸ ಮಾಡ್‌ಗಳೋ ಎಂದು ಕೇಳಿಕೊಳ್ಳಿ. ಗೊತ್ತಾಗದಿದ್ದರೆ ಕ್ರಿಸ್ಪಿ ಡೂಮ್ ಮತ್ತು ಫ್ರೀಡೂಮ್‌ನಿಂದ ಶುರುಮಾಡಿ. ಗುಜರಿಗೆ ಕಳಿಸಬೇಕೆಂದುಕೊಂಡಿದ್ದ ಯಂತ್ರ ಇನ್ನೂ ಕೆಲವು ವರ್ಷ ಓದಿಗೂ ಆಟಕ್ಕೂ ಮನೆಯಲ್ಲೇ ಉಳಿಯಬಹುದು.