ಬಾಂದುಕಲ್ಲು ಮತ್ತು ನೀಲಿ ಚುಕ್ಕಿ

ಮಳವಳ್ಳಿಯಿಂದ ಎರಡು ಹರಿದಾರಿಯಾಚೆ, ನಾಲೆಯ ಕೊನೆಯ ತೂಬಿನ ನೀರು ಕುಡಿದು ಬೆಳೆದ ಕಬ್ಬಿನ ಗದ್ದೆಯೊಂದರ ಬದುವಿನ ಮೇಲೆ ನಿಂತು, ಮಾಗಿಯ ಒಂದು ಮುಂಜಾನೆ ನಾನು ಕೈಯಲ್ಲಿದ್ದ ಮೊಬೈಲಿನ ನಕ್ಷೆಯನ್ನು ನೋಡುತ್ತಿದ್ದೆನು. ನಾನು ನಿಂತ ಸ್ಥಳವನ್ನು ತೋರಬೇಕಾದ ನೀಲಿ ಚುಕ್ಕಿಯು ಬದುವಿನ ಮೇಲಿರದೆ ಆಚೆಯ ಸರ್ವೆ ನಂಬರಿನೊಳಕ್ಕೆ ಹೋಗಿ ಕುಳಿತಿತ್ತು. ನನ್ನ ಭುಜದ ಮೇಲಿಂದ ಬಗ್ಗಿ ನೋಡಿದ ವೃದ್ಧ ನೀರುಗಂಟಿಯು, "ಅದು ನಮ್ದಲ್ಲ ಕನ ಸೋಮಿ, ನಿಮ್ಮ ಚುಕ್ಕಿ ಪಕ್ಕದ ಗದ್ದೆಗೆ ಹಾರ್ಬುಟ್ಟದೆ, ನಮ್ ಕಲ್ಲು ಇಲ್ಲದೆ ನೋಡಿ" ಎಂದು, ಸೆದೆಯನ್ನು ಕಾಲಿನಿಂದ ಸರಿಸಿ, ಅರ್ಧ ಮಣ್ಣಿನಲ್ಲಿ ಹುದುಗಿದ್ದ ಬಾಂದುಕಲ್ಲನ್ನು ತೋರಿದನು. ಆ ಕಲ್ಲಿಗೂ ಈ ಚುಕ್ಕಿಗೂ ನಡುವೆ ಇದ್ದ ಅಂತರ ಹದಿನೈದು ಅಡಿಯಷ್ಟಿರಬಹುದು. ಆ ಹದಿನೈದು ಅಡಿ ಎಲ್ಲಿಂದ ಬಂದಿತೆಂಬುದನ್ನು ವಿಚಾರಿಸಹೊರಟರೆ, ಈ ಸೀಮೆಯಲ್ಲಿ ನೆಲವನ್ನು ಅಳೆದು ಗುರುತಿಸಿದ ವಿದ್ಯೆಯ ಚರಿತ್ರೆಯೆಲ್ಲ ಅದರೊಳಗೆ ಅಡಗಿದೆ.

ಅಳತೆಗಿಂತ ಹೆಸರು ಹಳೆಯದು. ಮಳವಳ್ಳಿಯ ಪಕ್ಕದ ಮದ್ದೂರಿಗೆ ನೆರೆಯಾದ ನಾಗಮಂಗಲ ತಾಲ್ಲೂಕಿನ ದೇವರಹಳ್ಳಿಯಲ್ಲಿ ದೊರೆತ, ಗಂಗರ ಶ್ರೀಪುರುಷನ ಕಾಲದ, ಕ್ರಿ.ಶ. 776ರ ತಾಮ್ರಶಾಸನವು ದತ್ತಿಯಾಗಿ ಕೊಟ್ಟ ಗ್ರಾಮದ ಎಲ್ಲೆಗಳನ್ನು ದಿಕ್ಕುದಿಕ್ಕಾಗಿ ಹೇಳುತ್ತದೆ. ಪ್ರಶಸ್ತಿಯ ಭಾಗ ಪ್ರೌಢವಾದ ಸಂಸ್ಕೃತದಲ್ಲಿದ್ದರೂ, ಎಲ್ಲೆಯನ್ನು ಹೇಳುವಲ್ಲಿ ಶಾಸನಕವಿಯು ಕನ್ನಡದ ಸ್ಥಳನಾಮಗಳನ್ನೇ ಆಶ್ರಯಿಸುತ್ತಾನೆ. ಗಂಗರ ಅನೇಕ ತಾಮ್ರಶಾಸನಗಳಲ್ಲಿ ಕಾಣುವ ಕ್ರಮವಿದು: ದಾನಿಯ ಕುಲವನ್ನು ಯಾವ ಭಾಷೆಯಲ್ಲಿ ಕೊಂಡಾಡಿದರೂ ಸಲ್ಲುವುದು, ಆದರೆ ಮೊರಡಿಯನ್ನೂ ಕೆರೆಯನ್ನೂ ಅಲ್ಲಿ ಬಾಳುವವರು ಕರೆವ ಹೆಸರಿನಿಂದಲೇ ಕರೆಯತಕ್ಕದ್ದು. ನೆಲದ ವಿಸ್ತಾರವನ್ನಾದರೂ ಆ ಕಾಲದವರೂ ಅವರ ತರುವಾಯದವರೂ ಬಹುಮಟ್ಟಿಗೆ ಬೀಜದಿಂದಲೇ ಹೇಳುತ್ತಿದ್ದರು. ಇಷ್ಟು ಖಂಡುಗ, ಇಷ್ಟು ಕೊಳಗ ಬೀಜವರಿಯ ಗದ್ದೆ ಎಂದರೆ, ಅಷ್ಟು ಬೀಜ ಹಿಡಿಯುವ ಭೂಮಿ ಎಂದರ್ಥ. ಮಣ್ಣು ಬದಲಾದರೆ ಖಂಡುಗದ ವಿಸ್ತಾರವೂ ಬದಲಾಗುತ್ತಿದ್ದುದು ಲೆಕ್ಕಿಗರಿಗೆ ದೋಷವಾಗಿ ಕಂಡಿತು. ಬೇಸಾಯಗಾರನಿಗೆ ಅದು ಗುಣವೇ ಆಗಿದ್ದಿತು, ಏಕೆಂದರೆ ಆ ಮಾನವು ನೆಲದ ಅಗಲವನ್ನು ಮಾತ್ರವಲ್ಲದೆ ಅದರ ಸಾರವನ್ನೂ ಹೇಳುತ್ತಿದ್ದಿತು.

ರೇಖಾಗಣಿತವು ಈ ನಾಡಿಗೆ ಸೈನ್ಯದ ಬೆನ್ನಿನಲ್ಲಿ ಬಂದಿತು. 1799ರ ಮಾರ್ಚ್ 27ರಂದು ಮಳವಳ್ಳಿಯ ಬಯಲಿನಲ್ಲಿ ಟಿಪ್ಪುವಿನ ಸೇನೆಯನ್ನು ಎದುರಿಸಿ ಶ್ರೀರಂಗಪಟ್ಟಣದತ್ತ ಸಾಗಿದ ಇಂಗ್ಲಿಷರ ದಂಡಿನಲ್ಲಿ, ಮುಂದೆ ಭೂಮಾಪನದ ಚರಿತ್ರೆಯಲ್ಲಿ ಪ್ರಸಿದ್ಧರಾಗಲಿದ್ದ ಇಬ್ಬರಿದ್ದರು: ಕಾಲಿನ್ ಮೆಕೆಂಜಿ ಮತ್ತು ವಿಲಿಯಂ ಲ್ಯಾಂಬ್ಟನ್. ಶ್ರೀರಂಗಪಟ್ಟಣದ ಹೊರವಲಯದಲ್ಲಿ ರಾತ್ರಿಯ ವೇಳೆ ದಿಕ್ಕು ತಪ್ಪಿ ಶತ್ರುವಿನ ಕಡೆಗೇ ನಡೆಯುತ್ತಿದ್ದ ತುಕಡಿಯನ್ನು ಲ್ಯಾಂಬ್ಟನ್ನನು ನಕ್ಷತ್ರಗಳನ್ನು ನೋಡಿ ಎಚ್ಚರಿಸಿದನೆಂದು ಹೇಳುವರು. ಅವನು 1802ರ ಏಪ್ರಿಲ್‌ನಲ್ಲಿ ಮದರಾಸಿನ ಸೇಂಟ್ ಥಾಮಸ್ ಬೆಟ್ಟದ ಬಳಿ ಆಧಾರರೇಖೆಯನ್ನು ಅಳೆಯಲು ತೊಡಗಿ, 1804ರಲ್ಲಿ ಬೆಂಗಳೂರಿನ ಸಮೀಪದಲ್ಲಿ ಇನ್ನೊಂದನ್ನು ಅಳೆದು, ತ್ರಿಕೋನಗಳ ಮೇಲೆ ತ್ರಿಕೋನಗಳನ್ನು ಹೆಣೆದ ಮಹಾಕಾರ್ಯವೇ ಮುಂದೆ ಭಾರತದ ಮಹಾ ತ್ರಿಕೋನಮಿತೀಯ ಸರ್ವೇಕ್ಷಣೆಯಾಯಿತು. ಮೆಕೆಂಜಿಯ ಮಾರ್ಗ ಬೇರೆಯದಾಗಿದ್ದಿತು. ಅವನ ಮೈಸೂರು ಸರ್ವೇಕ್ಷಣೆಯು ಬೆಟ್ಟ ಹೊಳೆಗಳನ್ನು ಗುರುತಿಸುವುದರ ಜೊತೆಗೆ ಶಾಸನ, ಕಡತ, ಕೈಫಿಯತ್ತುಗಳನ್ನು ಸಂಗ್ರಹಿಸಿತು. ಊರವರ ಬಾಯಿಂದ ಊರಿನ ಕಥೆಯನ್ನು ಹೊರಡಿಸುವ ಆ ಕಾರ್ಯದಲ್ಲಿ ಕಾವಲಿ ವೆಂಕಟ ಬೋರಯ್ಯನಂಥ ದೇಶೀಯ ಪಂಡಿತರೇ ಅವನಿಗೆ ಕಣ್ಣೂ ಕಿವಿಯೂ ಆಗಿದ್ದರು. ಲ್ಯಾಂಬ್ಟನ್ನನ ಕೋನ, ಬೋರಯ್ಯನ ಕಿವಿ, ಇವೆರಡೂ ಒಂದೇ ಹಾಳೆಯ ಮೇಲೆ ಕೂಡಿಬಂದಿದ್ದರೆ ಎಂತಹ ನಕ್ಷೆಯಾಗುತ್ತಿತ್ತೆಂಬ ಯೋಚನೆ ನನ್ನನ್ನು ಎಷ್ಟೋ ಬಾರಿ ಕಾಡಿದೆ.

ರೈತನ ಮನೆಬಾಗಿಲಿಗೆ ಬಂದ ಮಾಪನವು ಇವೆರಡೂ ಅಲ್ಲ. ಅದು 1863ರಲ್ಲಿ, ಬೌರಿಂಗನು ಕಮಿಷನರಾಗಿದ್ದಾಗ, ಮುಂಬಯಿ ಪ್ರಾಂತದ ಪದ್ಧತಿಯನ್ನನುಸರಿಸಿ ಮೈಸೂರು ಸಂಸ್ಥಾನದಲ್ಲಿ ಚಿತ್ರದುರ್ಗದ ಕಡೆಯಿಂದ ಆರಂಭವಾದ ಕಂದಾಯ ಸರ್ವೆ. ಇದರ ಆಯುಧ ಮೂವತ್ತಮೂರು ಅಡಿಯ ಸರಪಳಿ. ಆ ಸರಪಳಿಗೆ ಹದಿನಾರು ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲವಾದರೆ 1,089 ಚದರಡಿಯ ಒಂದು ಗುಂಟೆ. ನಲವತ್ತು ಗುಂಟೆಗೆ ಒಂದು ಎಕರೆ. ಹೊಲದ ನಡುವೆ ಆಧಾರರೇಖೆಯನ್ನೆಳೆದು, ಅದರಿಂದ ಎಡಬಲಕ್ಕೆ ಲಂಬವಾಗಿ ಮೂಲೆಮೂಲೆಗೂ ಇರುವ ದೂರವನ್ನು ಅಳೆದು ಬರೆದಿಟ್ಟ ಟಿಪ್ಪಣಿ, ವಿಸ್ತೀರ್ಣ ಕಂದಾಯಗಳನ್ನು ತೋರುವ ಆಕಾರಬಂದು, ಊರಿನ ಹೊಲಗಳೆಲ್ಲವನ್ನೂ ಕೂಡಿಸಿ ಬರೆದ ಗ್ರಾಮನಕ್ಷೆ, ಇವು ಮೂರೂ ಇಂದಿಗೂ ನಮ್ಮ ಭೂದಾಖಲೆಗಳ ತಳಹದಿ. ಖುಷ್ಕಿ, ತರಿ, ಬಾಗಾಯ್ತು, ಖರಾಬು ಎಂಬ ಮಾತುಗಳು ಹಳ್ಳಿಯ ನಾಲಗೆಯಲ್ಲಿ ನೆಲೆಗೊಂಡುದರಲ್ಲಿ ಇವುಗಳ ಪಾಲೂ ಇದೆ. ಲಾಭವಾದುದು ದೊಡ್ಡದು: ಪ್ರತಿಯೊಂದು ಹೊಲಕ್ಕೂ ಒಂದು ಸಂಖ್ಯೆ ಬಂದಿತು, ಸಂಖ್ಯೆಗೆ ಎಲ್ಲೆ ಬಂದಿತು, ಎಲ್ಲೆಯ ಮೂಲೆಗೆ ಕಲ್ಲು ಬಂದಿತು. ಕಳೆದುದೂ ಇದೆ. ಹುಣಿಸೆಮರದ ಹೊಲ, ಮಾರಿಗುಡಿ ಗದ್ದೆ, ಹೊಂಗೆ ಕಟ್ಟೆಯ ಕೆಳಗಣ ತಾಕು ಎಂಬ ಹೆಸರುಗಳು ಮನೆಮಾತಿನಲ್ಲಿ ಉಳಿದವೇ ಹೊರತು ನಕ್ಷೆಯನ್ನೇರಲಿಲ್ಲ.

ಮಂಡ್ಯದ ನೆಲಕ್ಕೆ ಇನ್ನೊಂದು ವಿಶೇಷವುಂಟು. 1911ರಲ್ಲಿ ಕೈಗೊಂಡ ಕೃಷ್ಣರಾಜಸಾಗರದ ನಿರ್ಮಾಣದ ಫಲವಾಗಿ, ಹುಲಿಕೆರೆಯ ಸುರಂಗವನ್ನು ಹಾದು ಬಂದ ಇರ್ವಿನ್ ನಾಲೆಯು, ಇಂದಿನ ವಿಶ್ವೇಶ್ವರಯ್ಯ ನಾಲೆಯು, ರಾಗಿ ಹುರುಳಿ ಬೆಳೆಯುತ್ತಿದ್ದ ಬಯಲನ್ನು ಕಬ್ಬು ಭತ್ತಗಳ ನಾಡಾಗಿ ಮಾರ್ಪಡಿಸಿತು. 1933ರಲ್ಲಿ ಸಕ್ಕರೆ ಕಾರ್ಖಾನೆ, 1939ರಲ್ಲಿ ಪ್ರತ್ಯೇಕ ಜಿಲ್ಲೆ. ಮದ್ದೂರು ಶಾಖೆ, ತುರುಗನೂರು ಶಾಖೆ, ಹೆಬ್ಬಕವಾಡಿ ಶಾಖೆ ಎಂದು ಕವಲೊಡೆದ ನಾಲೆಗಳು ಹಳೆಯ ಸರ್ವೆ ನಂಬರುಗಳನ್ನು ಅಡ್ಡಲಾಗಿ ಸೀಳಿದವು. ಇಳಿಜಾರಿನ ಹೊಲವನ್ನು ಸಮತಟ್ಟು ಮಾಡಿ ಮಡಿ ಕಟ್ಟಿದಾಗ ಬದುಗಳು ಸರಿದವು. ಎಷ್ಟೋ ಕಲ್ಲುಗಳು ಮಣ್ಣುಪಾಲಾದವು. ಅಣ್ಣತಮ್ಮಂದಿರ ಪಾಲುಪಾರಿಕತ್ತುಗಳಿಂದ ಹಿಸ್ಸೆಗಳು ಹೆಚ್ಚಿದವು, ಅಳೆದು ಬೇರ್ಪಡಿಸಿ ಪೋಡಿಯಾಗದೆ ಉಳಿದವು ಅವುಗಳಲ್ಲಿ ಬಹಳ. ಇಷ್ಟೆಲ್ಲ ಮಾರ್ಪಾಡುಗಳನ್ನು ಮನಸ್ಸಿನಲ್ಲಿ ಹೊತ್ತಿದ್ದವನು ಶಾನುಭೋಗ. 1961ರ ಕಾನೂನು ಅವನದೂ ಸೇರಿದಂತೆ ವಂಶಪಾರಂಪರ್ಯವಾದ ಗ್ರಾಮಹುದ್ದೆಗಳನ್ನು ತೆಗೆದುಹಾಕಿತು. ಆ ವ್ಯವಸ್ಥೆಯ ಅನ್ಯಾಯಗಳನ್ನು ಬಲ್ಲವರಾರೂ ಅದಕ್ಕಾಗಿ ದುಃಖಿಸಲಾರರು. ಆದರೆ ಅದರೊಡನೆ ಒಂದು ಜೀವಂತ ಸೂಚಿಯೂ ಮುಚ್ಚಿಹೋಯಿತೆಂಬುದು ನಿಜ.

ಗಣಕಯಂತ್ರದ ಯುಗವು ಈ ಕಾಗದಗಳ ಮೇಲೆಯೇ ನಿಂತಿತು. 'ಭೂಮಿ' ಯೋಜನೆಯು 2002ರ ಹೊತ್ತಿಗೆ ರಾಜ್ಯದ ಅಂದಿನ 177 ತಾಲ್ಲೂಕುಗಳಲ್ಲಿಯೂ ಪಹಣಿಯನ್ನು ಹದಿನೈದು ರೂಪಾಯಿಗೆ ಕಿಟಕಿಯಲ್ಲಿ ದೊರೆಯುವಂತೆ ಮಾಡಿದುದು ಸಾಮಾನ್ಯ ಸಾಧನೆಯಲ್ಲ. ಅದು ಅಕ್ಷರದ ದಾಖಲೆ. ಚಿತ್ರದ ದಾಖಲೆ ಬರುವುದು ತಡವಾಯಿತು. ಅತ್ತ ಜಗತ್ತಿನಲ್ಲಿ 2000ದ ಮೇ ತಿಂಗಳಲ್ಲಿ ಅಮೆರಿಕವು ತನ್ನ ಜಿಪಿಎಸ್ ಸಂಕೇತಕ್ಕೆ ಬುದ್ಧಿಪೂರ್ವಕವಾಗಿ ಬೆರೆಸುತ್ತಿದ್ದ ದೋಷವನ್ನು ನಿಲ್ಲಿಸಿತು. 2004ರಲ್ಲಿ ಓಪನ್‌ಸ್ಟ್ರೀಟ್‌ಮ್ಯಾಪ್, ಮರುವರ್ಷ ಗೂಗಲ್ ಮ್ಯಾಪ್ಸ್, 2009ರಲ್ಲಿ ನಮ್ಮ ಇಸ್ರೋದ 'ಭುವನ್' ಹುಟ್ಟಿದವು. 2021ರ ಫೆಬ್ರವರಿಯಲ್ಲಿ ಭಾರತ ಸರ್ಕಾರವು ನಕ್ಷೆ ರಚನೆಯ ಮೇಲಿದ್ದ ಹಳೆಯ ನಿರ್ಬಂಧಗಳನ್ನು ಸಡಿಲಿಸಿತು. ಈ ನಡುವೆ ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರವು ಗ್ರಾಮನಕ್ಷೆಗಳನ್ನು ಉಪಗ್ರಹಚಿತ್ರದ ಮೇಲೆ ಹಾಸಿ 'ದಿಶಾಂಕ್' ಎಂಬ ಮೊಬೈಲ್ ಆ್ಯಪ್ ಆಗಿ ಕೊಟ್ಟಿತು. ನಿಂತ ಜಾಗದ ಸರ್ವೆ ನಂಬರು ಇದೆಂದು ಅಂಗೈಯಲ್ಲಿ ಕಂಡ ದಿನ ನನಗಾದ ಆನಂದವನ್ನು ನಾನು ಮರೆತಿಲ್ಲ.

ಈಗ ಆ ಹದಿನೈದು ಅಡಿಗೆ ಬರಬಹುದು. ಬಯಲಿನಲ್ಲಿ ನಿಂತಾಗ ಮೊಬೈಲಿನ ಜಿಪಿಎಸ್ ಸಾಮಾನ್ಯವಾಗಿ ಐದು ಮೀಟರಿನಷ್ಟು ತಪ್ಪಬಹುದು. ಸರಪಳಿಯ ಮೂವತ್ತಮೂರು ಅಡಿಯು ಹತ್ತು ಮೀಟರು, ಆದುದರಿಂದ ತಪ್ಪು ಅರ್ಧ ಸರಪಳಿಯಾಯಿತು. ತೆಂಗಿನ ತೋಟದೊಳಗೆ, ಆಳೆತ್ತರ ಮೀರಿದ ಕಬ್ಬಿನ ನಡುವೆ ಅದು ಇನ್ನೂ ಹೆಚ್ಚುವುದು. ಇತ್ತ ಗ್ರಾಮನಕ್ಷೆಯ ಪ್ರಮಾಣ 1:7920. ಅಂದರೆ ಹಾಳೆಯ ಮೇಲಿನ ಅರ್ಧ ಮಿಲಿಮೀಟರಿನ ಗೆರೆಯೇ ನೆಲದ ಮೇಲೆ ನಾಲ್ಕು ಮೀಟರು ಅಗಲವಾಗುತ್ತದೆ. ಮಡಿಸಿ ಮಾಸಿದ ಹಾಳೆಯನ್ನು ಯಂತ್ರದಿಂದ ಪಡಿಯೆತ್ತಿ ಉಪಗ್ರಹಚಿತ್ರಕ್ಕೆ ಹೊಂದಿಸುವಾಗ ಸೇರುವ ಓರೆಕೋರೆ ಬೇರೆ. ಹೀಗಿರಲಾಗಿ, ಒಂದು ಗೇಣು ಬದುವಿಗಾಗಿ ನಡೆಯುವ ವ್ಯಾಜ್ಯವನ್ನು ಮೊಬೈಲಿನ ಚುಕ್ಕಿಯಿಂದ ತೀರ್ಮಾನಿಸಹೊರಡುವುದು ಅನರ್ಥಕ್ಕೆ ದಾರಿ. ಆ ಕೆಲಸಕ್ಕೆ ಟಿಪ್ಪಣಿಯ ಅಳತೆಯೇ ಪ್ರಮಾಣ, ಎಲ್ಲೆಯನ್ನು ಅಳೆದು ಗುರುತಿಸುವ ಹದ್ದುಬಸ್ತಿಗೆ ಅರ್ಜಿ ಹಾಕುವುದೇ ಮಾರ್ಗ. ಸ್ಥಿರಕೇಂದ್ರಗಳ ಜಾಲದ ನೆರವಿನಿಂದ ಕೆಲವೇ ಸೆಂಟಿಮೀಟರುಗಳ ನಿಖರತೆ ಕೊಡುವ ರೋವರ್ ಯಂತ್ರಗಳು ಭೂಮಾಪಕರ ಕೈಗೆ ಬರುತ್ತಿರುವುದು ಶುಭಸೂಚನೆಯೇ ಸರಿ. ಆದರೆ ಸೆಂಟಿಮೀಟರಿನಷ್ಟು ನಿಖರವಾದ ಯಂತ್ರಕ್ಕೂ ಮೂಲ ಕಲ್ಲು ಎಲ್ಲಿತ್ತೆಂಬುದನ್ನು ಹೇಳಲು ಒಬ್ಬ ಮನುಷ್ಯ ಬೇಕಾಗುವನು.

ಇಷ್ಟನ್ನು ತಿಳಿದು ಬಳಸುವವನಿಗೆ ಈ ಸಾಧನಗಳು ಬಹಳ ಉಪಕಾರಿ. ನಾನು ಪಾಲಿಸುವ ಕ್ರಮವು ಸರಳವಾದುದು. ಹಳ್ಳಿಗೆ ಹೊರಡುವ ಮುನ್ನವೇ ಆ ಹೋಬಳಿಯ ನಕ್ಷೆಯನ್ನು ಮೊಬೈಲಿಗೆ ಇಳಿಸಿಕೊಳ್ಳುತ್ತೇನೆ, ಏಕೆಂದರೆ ಶಿಂಷಾ ಹೊಳೆಯ ತಗ್ಗಿನಲ್ಲಿ ಸಿಗ್ನಲ್ ಕೈಕೊಡುವುದುಂಟು. ಮೂಲೆಯ ಕಲ್ಲಿನ ಬಳಿ ಆಕಾಶ ಕಾಣುವಂತೆ ನಿಂತು ಎರಡು ಮೂರು ನಿಮಿಷ ಕಾದು ಗುರುತು ಹಾಕುತ್ತೇನೆ, ಸಂಜೆ ಅಲ್ಲಿಗೇ ಮರಳಿ ಇನ್ನೊಮ್ಮೆ ಹಾಕಿ ಎರಡರ ಸರಾಸರಿಯನ್ನು ಹಿಡಿಯುತ್ತೇನೆ. ಕಲ್ಲಿನ ಚಿತ್ರವನ್ನು ತೆಗೆಯುವಾಗ ಹಿನ್ನೆಲೆಯಲ್ಲಿ ಸ್ಥಿರವಾದುದೊಂದು, ಗುಡಿಯ ಗೋಪುರವೋ ತೂಬಿನ ಕಟ್ಟೆಯೋ, ಕಾಣುವಂತೆ ನೋಡಿಕೊಳ್ಳುತ್ತೇನೆ. ಸರ್ವೆ ನಂಬರನ್ನು ಹಿಸ್ಸೆಯೊಡನೆಯೇ ಬರೆಯುತ್ತೇನೆ. ಹಳೆಯ ಭೂಪಟವನ್ನು ಹೊಸದರ ಮೇಲೆ ಹಾಸುವವರು ಇನ್ನೊಂದು ಎಚ್ಚರ ವಹಿಸಬೇಕು: ಭಾರತದ ಹಳೆಯ ಭೂಪಟಗಳು ಭೂಮಾಪಕ ಎವರೆಸ್ಟನು ಲೆಕ್ಕಹಾಕಿದ ಭೂಗೋಲದ ಆಕಾರವನ್ನು ಅನುಸರಿಸಿದವು, ಜಿಪಿಎಸ್ ಅನುಸರಿಸುವುದು ಬೇರೊಂದನ್ನು, ಪರಿವರ್ತಿಸದೆ ಹಾಸಿದರೆ ಗುಡಿಯು ನೂರಾರು ಅಡಿ ಸರಿದು ಕೆರೆಯೊಳಗೆ ನಿಲ್ಲುವುದು.

ಇನ್ನು ನನ್ನ ಅಪೇಕ್ಷೆಗಳು. ಮೊದಲನೆಯದು, ನಕ್ಷೆಯು ತನ್ನ ಅನುಮಾನವನ್ನು ಬಾಯಿಬಿಟ್ಟು ಹೇಳಬೇಕು. ಚುಕ್ಕಿಯ ಸುತ್ತ ಮಸುಕಾದ ವರ್ತುಲವೊಂದು ಈಗಲೂ ಕಾಣುವುದುಂಟು. ಅದರ ಅರ್ಥ ರೈತನಿಗೆ ತಿಳಿಯದು. "ಇದು ಎಂಟು ಆಣೆ ಆಚೀಚೆ ಇರಬಹುದು" ಎಂದು ಅವನು ಬಲ್ಲ ಸರಪಳಿಯ ಮಾತಿನಲ್ಲಿಯೇ ಬರೆದರೆ ಎಷ್ಟು ಜಗಳಗಳು ಹುಟ್ಟುವ ಮೊದಲೇ ಅಡಗುವುವು! ಸರ್ವೆ ನಂಬರನ್ನು ಮುಟ್ಟಿದೊಡನೆ ಅದರ ಟಿಪ್ಪಣಿ, ಆಕಾರಬಂದು, ಪೋಡಿಯ ಸ್ಥಿತಿಗಳು ಅಲ್ಲಿಯೇ ತೆರೆಯಬೇಕು. ನಾಲೆಯೂ ರಸ್ತೆಯೂ ಬರುವ ಮುನ್ನ ಆ ನೆಲ ಹೇಗಿತ್ತೆಂಬುದನ್ನು ಕಾಲಾನುಕ್ರಮವಾಗಿ ತೋರುವ ಸೌಕರ್ಯವಿರಬೇಕು. 2023ರ ಮಾರ್ಚಿನಲ್ಲಿ ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಉದ್ಘಾಟನೆಯಾದ ಬೆಂಗಳೂರು ಮೈಸೂರು ಹೆದ್ದಾರಿಯ ಮುಖ್ಯ ಪಥವು ಅದೇ ಆಗಸ್ಟಿನಿಂದ ಬೈಕಿಗೂ ಟ್ರ್ಯಾಕ್ಟರಿಗೂ ನಿಷಿದ್ಧವಾಗಿರಲಾಗಿ, ದಾರಿ ತೋರುವ ನಕ್ಷೆಗೆ ಕಾರಿನವನಷ್ಟೇ ಎತ್ತಿನಗಾಡಿಯವನೂ ಮುಖ್ಯನೆನಿಸಬೇಡವೆ? ಸರ್ವಿಸ್ ರಸ್ತೆ ಎಲ್ಲಿ ಮುಗಿಯುವುದು, ಕೆಳಸೇತುವೆಯಲ್ಲಿ ಕಬ್ಬಿನ ಹೇರು ಹಿಡಿಯುವುದೇ, ಮಳೆ ಬಂದರೆ ಅಲ್ಲಿ ನೀರು ನಿಲ್ಲುವುದೇ ಎಂಬುದು ಅವನಿಗೆ ಬೇಕಾದ ವರ್ತಮಾನ.

ಸಮೀಕ್ಷೆಯ ಸಾಧನಗಳಿಗೂ ಇದೇ ಮಾತು. 2020ರ ಮುಂಗಾರಿನಲ್ಲಿ ಬೆಳೆ ಸಮೀಕ್ಷೆಯನ್ನು ರೈತರೇ ತಮ್ಮ ಮೊಬೈಲಿನಿಂದ ಮಾಡಬಹುದೆಂದು ಸರ್ಕಾರ ಅವಕಾಶವಿತ್ತುದು ನನ್ನ ದೃಷ್ಟಿಯಲ್ಲಿ ಈ ಚರಿತ್ರೆಯ ಮಹತ್ತ್ವದ ತಿರುವು: ನೂರೈವತ್ತು ವರ್ಷ ಅಳೆಸಿಕೊಂಡವನು ಅಂದು ತಾನೇ ಬರೆಯುವವನಾದನು. ಅವನು ತುಂಬುವ ನಮೂನೆಯಲ್ಲಿ ರಾಗಿಯ ಜೊತೆಗೆ ಅಕ್ಕಡಿ ಸಾಲಿನ ಅವರೆ, ತೊಗರಿ, ಹುಚ್ಚೆಳ್ಳುಗಳಿಗೂ ಧಾರಾಳವಾದ ಸ್ಥಳವಿರಲಿ. ಓಡಿಕೆ (ODK), ಕೋಬೋ ಮುಂತಾದ ಮೊಬೈಲ್ ಸಮೀಕ್ಷೆಯ ಸಾಧನಗಳಲ್ಲಿ ಪ್ರಶ್ನಾವಳಿಯನ್ನು ರಚಿಸುವವರು ಪ್ರಶ್ನೆಯನ್ನು ಮೊದಲು ಕನ್ನಡದಲ್ಲಿಯೇ ಯೋಚಿಸಲಿ, ವಿಸ್ತೀರ್ಣವನ್ನು ಗುಂಟೆಯಲ್ಲಿಯೂ ಕೇಳಲಿ, "ಗೊತ್ತಿಲ್ಲ" ಎಂಬ ಉತ್ತರಕ್ಕೂ ಗೌರವದ ಎಡೆ ಕೊಡಲಿ.

ಎಲ್ಲಕ್ಕಿಂತ ಮಿಗಿಲಾಗಿ ನನಗೆ ಬೇಕಾದುದು ಹೆಸರು. ಇಂಗ್ಲಿಷ್ ಲಿಪಿಯಲ್ಲಿ ಲಕಾರ ಳಕಾರಗಳಿಗೂ ದಕಾರ ಡಕಾರಗಳಿಗೂ ಭೇದವಿಲ್ಲ; ಅಲ್ಲಿಂದ ಯಂತ್ರವು ಮರಳಿ ಕನ್ನಡಕ್ಕೆ ತಂದಾಗ ಮಳವಳ್ಳಿಯು ಮಲವಲ್ಲಿಯೂ ಮದ್ದೂರು ಮಡ್ಡೂರೂ ಆಗುವ ಅಪಾಯ ಸದಾ ಇದ್ದೇ ಇದೆ. ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ ಕನ್ನಡದ ಹೆಸರಿಗೆಂದೇ ಪ್ರತ್ಯೇಕವಾದ ಸ್ಥಾನವಿದೆ. ಅದನ್ನು ತುಂಬಲು ಯಾರ ಅಪ್ಪಣೆಯೂ ಬೇಡ. ಊರು, ಕೆರೆ, ಕಟ್ಟೆ, ತೂಬು, ಜನವಸತಿಯಿಲ್ಲದ ಬೇಚರಾಕ್ ಗ್ರಾಮ, ಇವುಗಳ ಹೆಸರನ್ನು ಊರಿನ ಇಬ್ಬರನ್ನಾದರೂ ಕೇಳಿ, ಅವರಾಡಿದಂತೆಯೇ ಬರೆದರೆ, ದೇವರಹಳ್ಳಿಯ ತಾಮ್ರಪತ್ರದಲ್ಲಿದ್ದು ಸರಪಳಿಯ ಕಾಲದಲ್ಲಿ ಕಳಚಿಹೋದ ಒಂದು ಕೊಂಡಿ ಮತ್ತೆ ಸೇರುತ್ತದೆ.

ಆ ಮಾಗಿಯ ಮುಂಜಾನೆ ನಾನೂ ನೀರುಗಂಟಿಯೂ ನಾಲೆಯ ಏರಿಯ ಮೇಲೆ ನಡೆದು ಹನ್ನೊಂದು ಹೆಸರುಗಳನ್ನು ಬರೆದುಕೊಂಡೆವು. ಅವುಗಳಲ್ಲಿ ಒಂದೂ ನನ್ನ ಬಳಿ ಇದ್ದ ಯಾವ ನಕ್ಷೆಯಲ್ಲಿಯೂ ಇರಲಿಲ್ಲ. ಕೆರೆಯ ಕೆಳಗಣ ಎರಡು ಹಳೆಯ ತೂಬುಗಳ ಹೆಸರು ಮಾತ್ರ ಆತನಿಗೂ ಜ್ಞಾಪಕಕ್ಕೆ ಬರಲಿಲ್ಲ. ಮದ್ದೂರಿನ ಕಡೆಗೆ ಕೊಟ್ಟಿರುವ ತನ್ನ ಅಕ್ಕನಿಗೆ ಅವು ಗೊತ್ತೆಂದೂ, ಕಬ್ಬು ಕಡಿದಾದ ಮೇಲೆ ಆಕೆ ತೌರಿಗೆ ಬರುವಳೆಂದೂ, ಆಗ ಬಂದರೆ ಬರೆದುಕೊಳ್ಳಬಹುದೆಂದೂ ಹೇಳಿ, ಗುದ್ದಲಿಯನ್ನು ಹೆಗಲಿಗೇರಿಸಿ ತೂಬಿನ ಕಡೆಗೆ ನಡೆದನು.